ಸಂಜೆ ಬಿಸಿಲಿಗೆ ಸಜ್ಜ ಸಾಲದು

ಬೆಂಗಳೂರಿನಲ್ಲಿ ನಮ್ಮದು ಎರಡನೇ ಮಹಡಿಯ ಮನೆ. ಮೇಲೆ ಬರೀ ತಾರಸಿ. ಮಲಗುವ ಕೋಣೆಯ ಕಿಟಕಿ ಪಶ್ಚಿಮಕ್ಕಿದೆ. ಮಾರ್ಚ್ ಬಂತೆಂದರೆ ಮಧ್ಯಾಹ್ನ ಮೂರೂವರೆಗೆ ಬಿಸಿಲು ಕಿಟಕಿ ದಾಟಿ ಒಳಗೆ ಬರುತ್ತದೆ. ನಾಲ್ಕಕ್ಕೆ ಮಂಚದ ಕಾಲು, ಐದಕ್ಕೆ ದಿಂಬು, ಐದೂವರೆಗೆ ಎದುರು ಗೋಡೆಯ ಕಬ್ಬಿಣದ ಬೀರು. ಆಗ ಬೀರುವಿನ ಹಿಡಿ ಮುಟ್ಟಿದರೆ ಚುರ್ರೆನ್ನುತ್ತದೆ. ರಾತ್ರಿ ಹನ್ನೊಂದಾದರೂ ಗೋಡೆ ಬೆಚ್ಚಗೇ ಇರುತ್ತದೆ, ಫ್ಯಾನು ಹಾಕಿದರೆ ಬಿಸಿಗಾಳಿ.

ಮೊದಲ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ದಪ್ಪನೆಯ, ಕಡು ಮರೂನ್ ಬಣ್ಣದ ಕರ್ಟನ್ ತಂದು ಹಾಕಿದೆ. ಕೋಣೆ ಕತ್ತಲಾಯಿತು, ಸೆಕೆ ಹಾಗೇ ಉಳಿಯಿತು. ಕರ್ಟನ್ ಹಿಂದೆ ಕೈಯಿಟ್ಟರೆ ಒಲೆಯ ಮುಂದೆ ನಿಂತ ಹಾಗಾಗುತ್ತಿತ್ತು. ಕಾರಣ ತಿಳಿದದ್ದು ಮಾರನೇ ವರ್ಷ, ಬಂಬೂ ಬಜಾರಿನಲ್ಲಿ. ಬಿದಿರಿನ ಚಿಕ್, ಅಂದರೆ ಸೀಳು ಹೆಣೆದು ಮಾಡಿದ ಸುತ್ತಿಡುವ ತೆರೆ, ಕೊಳ್ಳಲು ಹೋದಾಗ ಅಂಗಡಿಯವರು ಮೊದಲು ಕೇಳಿದ್ದೇ, "ಒಳಗಡೆ ಹಾಕ್ತೀರೋ, ಹೊರಗಡೇನೋ?" ಏನು ವ್ಯತ್ಯಾಸ ಎಂದೆ. "ಒಳಗಡೆ ಹಾಕಿದ್ರೆ ಶೋಗೆ ಸಾರ್, ಹೊರಗಡೆ ಹಾಕಿದ್ರೆ ಬಿಸಿಲಿಗೆ."

ಈ ಲೇಖನದ ಮುಕ್ಕಾಲು ಪಾಲು ಅವರ ಆ ಮಾತಿನಲ್ಲೇ ಇದೆ. ಬಿಸಿಲು ಗಾಜನ್ನು ಸಲೀಸಾಗಿ ದಾಟಿ ಬರುತ್ತದೆ. ಒಳಗಿನ ಕರ್ಟನ್, ಹಾಸಿಗೆ, ನೆಲ ಅದನ್ನು ಹೀರಿ ಕಾಯುತ್ತವೆ. ಕಾದ ವಸ್ತು ಹೊರಬಿಡುವ ಶಾಖದ ಕಿರಣಕ್ಕೆ ಮಾತ್ರ ಅದೇ ಗಾಜು ದಾರಿ ಕೊಡುವುದಿಲ್ಲ. ಒಳಗೆ ಬಂದ ಮೇಲೆ ತಡೆದರೆ ಕಳ್ಳನನ್ನು ಮನೆಯೊಳಗೆ ಬಿಟ್ಟುಕೊಂಡು ಬಾಗಿಲು ಹಾಕಿದಂತೆ.

ಆ ಕಳ್ಳನ ಬಲ ಎಷ್ಟು? ನಾಲ್ಕಡಿ ಉದ್ದ, ನಾಲ್ಕಡಿ ಅಗಲದ ಕಿಟಕಿ ಎಂದರೆ ಸುಮಾರು ಒಂದೂವರೆ ಚದರ ಮೀಟರ್. ಏಪ್ರಿಲ್ ಸಂಜೆಯ ನೇರ ಬಿಸಿಲಿನಲ್ಲಿ ಅದರ ಮೂಲಕ ಏಳೆಂಟು ನೂರು ವ್ಯಾಟ್ ಶಾಖ ಒಳಗೆ ಬರಬಹುದು. ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆಯೊಂದನ್ನು ಆನ್ ಮಾಡಿ ಮರೆತು ಹೋದ ಲೆಕ್ಕ. ಒಂದು ಟನ್ನಿನ ಏಸಿ ಹೊರಹಾಕುವ ಶಾಖ ಸುಮಾರು 3,500 ವ್ಯಾಟ್. ಅದರಲ್ಲಿ ಐದನೇ ಒಂದು ಪಾಲು ಈ ಒಂದು ಕಿಟಕಿಗೇ ಹೋಯಿತು.

ಮೊದಲು ಒಂದು ಭಾನುವಾರ ಬಿಸಿಲಿಗೆ ಕೊಡಿ

ಅಂಗಡಿಗೆ ಹೋಗುವ ಮೊದಲು ಒಂದು ರಜಾ ದಿನ ಮನೆಯಲ್ಲೇ ಕುಳಿತು ಬಿಸಿಲಿನ ಓಡಾಟ ಬರೆದಿಟ್ಟುಕೊಳ್ಳಿ. ಕಾಗದದಲ್ಲಿ ಮನೆಯ ನಕ್ಷೆ ಗೀಚಿ, ಯಾವ ಕಿಟಕಿಗೆ ಎಷ್ಟು ಗಂಟೆಗೆ ಬಿಸಿಲು ಬಂತು, ಎಷ್ಟಕ್ಕೆ ಹೋಯಿತು ಎಂದು ಗುರುತು ಹಾಕಿ. ದಿಕ್ಕಿಗೆ ಮೊಬೈಲಿನ ಕಂಪಾಸ್ ಸಾಕು. ಸಂಜೆ ಆರಕ್ಕೆ ಪ್ರತಿ ಗೋಡೆಯನ್ನೂ ಸೂರನ್ನೂ ಅಂಗೈಯಿಂದ ಮುಟ್ಟಿ ನೋಡಿ. ಸೂರು ಮುಟ್ಟಲು ಸ್ಟೂಲ್ ಹತ್ತಬೇಕಾದೀತು, ಹತ್ತಿ. ಎಲ್ಲಿ ಕಾವು ಹೆಚ್ಚೋ ನಿಮ್ಮ ದುಡ್ಡು ಮೊದಲು ಅಲ್ಲಿಗೆ.

ನಾಲ್ಕೂ ದಿಕ್ಕಿಗೆ ಒಂದೇ ಮದ್ದು ನಡೆಯುವುದಿಲ್ಲ. ದಕ್ಷಿಣದ ಕಿಟಕಿಗೆ ಸಜ್ಜವೇ ಬಹುಪಾಲು ಸಾಕು. ಉತ್ತರದ ಗೋಡೆಗೆ ಬಿಸಿಲೇ ಇಲ್ಲ ಎಂದುಕೊಳ್ಳುವವರಿದ್ದಾರೆ, ಅದು ನಮ್ಮ ಸೀಮೆಗೆ ಒಪ್ಪದ ಮಾತು. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋದರೆ ಮರಳುವುದು ಆಗಸ್ಟ್ ನಡುವಿಗೆ. ಕಲಬುರಗಿಯವರಿಗೆ ಇದು ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ. ಆದರೂ ಆ ಬಿಸಿಲು ನೆತ್ತಿಯ ಹತ್ತಿರವೇ ಇರುವುದರಿಂದ ಸಣ್ಣ ಸಜ್ಜಕ್ಕೂ ಬಗ್ಗುತ್ತದೆ. ಪೂರ್ವದ ಬಿಸಿಲು ಮನೆ ಇನ್ನೂ ತಣ್ಣಗಿರುವಾಗ ಬರುತ್ತದೆ, ಹಾಗಾಗಿ ಅಷ್ಟು ಕಾಡುವುದಿಲ್ಲ.

ಪಶ್ಚಿಮದ್ದೇ ತಕರಾರು. ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಸಂಜೆ ನಾಲ್ಕೂಕಾಲಿಗೆ ಸೂರ್ಯ ದಿಗಂತದಿಂದ ಸುಮಾರು 32 ಡಿಗ್ರಿ ಮೇಲಿರುತ್ತಾನೆ. ಆಗ ಒಂದೂವರೆ ಅಡಿ ಚಾಚಿದ ಸಜ್ಜದ ನೆರಳು ಕಿಟಕಿಯ ಮೇಲೆ ಒಂದಡಿಯೂ ಇಳಿಯುವುದಿಲ್ಲ. ಐದೂಕಾಲಿಗೆ ಅದು ಬರೀ ಅರ್ಧ ಅಡಿ. ಉಳಿದ ಮೂರೂವರೆ ಅಡಿ ಗಾಜು ಬಿಸಿಲಿಗೆ ಬಟಾಬಯಲು. ಅಡ್ಡ ಬರುವ ಬಿಸಿಲಿಗೆ ಮೇಲಿನ ಕೊಡೆ ಉಪಯೋಗವಿಲ್ಲ, ಎದುರಿಗೇ ತೆರೆ ಬೇಕು.

ಕಿಟಕಿಯ ಹೊರಗೆ ಚಿಕ್ ಕಟ್ಟುವುದು

ಹೊರಗಿನ ತೆರೆಗಳಲ್ಲಿ ನನ್ನ ಮೊದಲ ಓಟು ಬಿದಿರಿನ ಚಿಕ್‌ಗೆ. ಬೆಂಗಳೂರು, ಮೈಸೂರಿನವರಿಗೆ ಬಂಬೂ ಬಜಾರ್ ಇದೆ, ಬೇರೆ ಊರುಗಳಲ್ಲಿ ಮೇದಾರರ ಕೇರಿಯಲ್ಲಿ ಕೇಳಿದರೆ ಅಳತೆಗೆ ಹೆಣೆದು ಕೊಡುತ್ತಾರೆ. ಸೀಳು ದಪ್ಪ ಇರಲಿ, ದಾರ ಹತ್ತಿಯದ್ದು ಬೇಡ, ನೈಲಾನ್ ಇರಲಿ. ಚಿಕ್ಕನ್ನು ಬೆಳಕಿಗೆ ಹಿಡಿದು ನೋಡಿ: ಸಣ್ಣ ಸಣ್ಣ ಗೆರೆಗಳಾಗಿ ಬೆಳಕು ಬರಬೇಕು, ಬೆರಳು ತೂರುವಷ್ಟು ಸಂದಿ ಇರಬಾರದು. ಆ ಗೆರೆಗಳಿಂದಲೇ ಗಾಳಿಯೂ ಆಡುವುದು. ಕೂಲರ್ ಬಳಸುವ ಬಳ್ಳಾರಿ, ರಾಯಚೂರು ಕಡೆಯವರು ಇದನ್ನು ಮರೆಯಬಾರದು. ಕೂಲರ್ ಓಡುವಾಗ ಕಿಟಕಿ ತೆರೆದಿರಬೇಕು. ಚಿಕ್ ಬಿಟ್ಟುಕೊಂಡೇ ಅದನ್ನು ತೆರೆದಿಡಬಹುದು.

ಅಳತೆ ಹೀಗೆ: ಕಿಟಕಿಯ ಅಗಲಕ್ಕೆ ಎರಡೂ ಕಡೆ ಅರ್ಧರ್ಧ ಅಡಿ ಸೇರಿಸಿ, ಉದ್ದಕ್ಕೆ ಕೆಳಗೆ ಒಂದಡಿ. ಗಾಜಿಗೂ ಚಿಕ್‌ಗೂ ನಡುವೆ ನಾಲ್ಕರಿಂದ ಆರು ಇಂಚು ಜಾಗ ಬಿಡಿ. ಚಿಕ್ಕೂ ಕಾಯುತ್ತದಲ್ಲ, ಆ ಬಿಸಿಗಾಳಿ ಮೇಲೇರಿ ಹೋಗಲು ದಾರಿ ಬೇಕು.

ಹುಕ್ಕನ್ನು ಸಜ್ಜದ ಅಡಿಭಾಗಕ್ಕೆ ಹಾಕಿ. ಸಜ್ಜದ ಮುಖ್ಯ ಕಂಬಿ ಮೇಲ್ಭಾಗದಲ್ಲಿ ಇರುತ್ತದೆ, ಆದ್ದರಿಂದ ಕೆಳಗಿನಿಂದ ಒಂದೂವರೆ ಇಂಚು ಡ್ರಿಲ್ ಮಾಡಿದರೆ ತೊಂದರೆಯಿಲ್ಲ. ಮೇಲಿನಿಂದ ಕೊರೆಯಲು ಬಂದವರನ್ನು ತಡೆಯಿರಿ. ಕಂಬಿಗೂ ಏಟು, ಮಳೆಗಾಲದಲ್ಲಿ ನೀರು ಇಳಿಯಲೂ ದಾರಿ. ಕೆಳತುದಿಯನ್ನು ಗ್ರಿಲ್ಲಿಗೆ ಎರಡು ಕಡೆ ಕಟ್ಟುವುದು ಬಹಳ ಜನ ಬಿಟ್ಟುಬಿಡುವ ಕೆಲಸ. ಕಟ್ಟದಿದ್ದರೆ ಗಾಳಿ ಬಂದಾಗ ರಾತ್ರಿಯಿಡೀ ಟಪ್ ಟಪ್ ಎಂದು ಗೋಡೆಗೆ ಹೊಡೆದುಕೊಳ್ಳುತ್ತದೆ, ಮೂರನೇ ದಿನಕ್ಕೆ ಮನೆಯವರೇ ಬಿಚ್ಚಿ ಬಿಸಾಕುತ್ತಾರೆ.

ಚಿಕ್ ಎಳೆಯುವ ಹೊತ್ತು ಬಿಸಿಲು ಬಂದ ಮೇಲಲ್ಲ, ಬರುವ ಮೊದಲು. ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಚಿಕ್ ಇಳಿಯುತ್ತದೆ. ಸೂರ್ಯ ಮುಳುಗಿದ ಮೇಲೆ ಸುತ್ತಿಟ್ಟು ಕಿಟಕಿ ಪೂರ್ತಿ ತೆರೆಯುವುದು ಅಷ್ಟೇ ಮುಖ್ಯ.

ಕೈಯಲ್ಲಿ ಹೆಚ್ಚು ದುಡ್ಡಿದ್ದರೆ ಮಡಚುವ ಆನಿಂಗ್ ಹಾಕಿಸಬಹುದು. ಬಿಸಿಲಿದ್ದಾಗ ಚಾಚಿ ಇಲ್ಲದಾಗ ಒಳಗೆಳೆದುಕೊಳ್ಳುವ ಬಟ್ಟೆಯ ಮಾಡು ಅದು. ಪಶ್ಚಿಮದ ಕಿಟಕಿಗೆ ಆನಿಂಗ್ ಹಾಕಿದರೆ ಬೇಸಿಗೆ ಬಿಸಿಲಿನ ಶಾಖ ಶೇ 77ರವರೆಗೂ ತಗ್ಗಬಹುದು ಎಂಬುದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಅದೇ ಇಲಾಖೆಯ ಲೆಕ್ಕದಲ್ಲಿ, ಬೆನ್ನಿಗೆ ಬಿಳಿ ಪ್ಲಾಸ್ಟಿಕ್ ಇರುವ ಸಾಧಾರಣ ಬಣ್ಣದ, ಒಳಗೆ ಹಾಕುವ ಕರ್ಟನ್ನಿಗೆ ಸಿಗುವುದು ಶೇ 33. ನನ್ನ ಮರೂನ್ ಕರ್ಟನ್ನಿಗೆ ಅಷ್ಟೂ ಸಿಕ್ಕಿರಲಾರದು.

ಅಪಾರ್ಟ್‌ಮೆಂಟಿನವರ ಗೋಳು ಬೇರೆ. ಹೊರಗೆ ಏನೂ ಕಟ್ಟುವಂತಿಲ್ಲ ಎಂದು ಅಸೋಸಿಯೇಷನ್ ನಿಯಮ ಇರುತ್ತದೆ. ಬಾಲ್ಕನಿ ಇದ್ದರೆ ಅದರ ಒಳಮೈಯಲ್ಲಿ, ರೇಲಿಂಗಿನ ಈಚೆ ಚಿಕ್ ಇಳಿಬಿಡಿ. ಬಾಲ್ಕನಿಯೂ ಇಲ್ಲದಿದ್ದರೆ ಗಾಜಿಗೆ ಸನ್ ಫಿಲ್ಮ್. ಕಪ್ಪಾದಷ್ಟೂ ತಂಪು ಎಂಬ ಅಂಗಡಿ ಮಾತು ನಂಬಬೇಡಿ. ಬೆಳಕು ಎಷ್ಟು ಬಿಡುತ್ತದೆ, ಶಾಖ ಎಷ್ಟು ಬಿಡುತ್ತದೆ ಎಂಬ ಎರಡು ಸಂಖ್ಯೆಗಳನ್ನೂ ಕೇಳಿ ನೋಡಿ ಕೊಳ್ಳಿ. ಶಾಖವನ್ನು ಹೀರುವ ಕಡುಬಣ್ಣದ ಫಿಲ್ಮ್ ಸಾಮಾನ್ಯ ಗಾಜಿಗೆ ಅಂಟಿಸಿದರೆ, ಅರ್ಧ ಬಿಸಿಲು ಅರ್ಧ ನೆರಳು ಬಿದ್ದಾಗ ಗಾಜು ಬಿರುಕು ಬಿಡುವುದೂ ಉಂಟು.

ತಾರಸಿಯ ಮೇಲೆ ನೆಟ್

ಮೇಲಿನ ಮಹಡಿಯಲ್ಲಿದ್ದರೆ ಕಿಟಕಿಗಿಂತ ದೊಡ್ಡ ಒಲೆ ನೆತ್ತಿಯ ಮೇಲಿದೆ. ಹಗಲೆಲ್ಲ ಕಾದ ಕಾಂಕ್ರೀಟ್ ಮೋಲ್ಡು ಆ ಕಾವನ್ನು ಕೆಳಗೆ ಬಿಡುವುದು ನೀವು ಮಲಗುವ ಹೊತ್ತಿಗೆ. ತಾರಸಿಗೆ ಬಿಳಿ ಕೂಲ್ ರೂಫ್ ಬಣ್ಣವೋ ಸುಣ್ಣವೋ ಬಳಿಯುವುದು ಮೊದಲ ಹೆಜ್ಜೆ, ಅದನ್ನು ಬಿಡಬೇಡಿ. ಅದರ ಮೇಲೆ ಬೇಕಾದರೆ ನೆರಳು.

ಹಳೇ ಮೈಸೂರು ಕಡೆ ಚಪ್ಪರ, ಧಾರವಾಡ ಕಲಬುರಗಿ ಕಡೆ ಹಂದರ, ಕರಾವಳಿಯಲ್ಲಿ ಹೆಣೆದ ಮಡಲು. ಹೆಸರು ಯಾವುದಾದರೂ ತೆಂಗಿನ ಗರಿಯ ನೆರಳಿನ ತಂಪು ಪ್ಲಾಸ್ಟಿಕ್ಕಿಗೆ ಬರುವುದಿಲ್ಲ. ಆದರೆ ಪೇಟೆಯಲ್ಲಿ ಗರಿ ಸಿಗುವುದು ಕಷ್ಟ, ಹೆಣೆಯುವವರು ಸಿಗುವುದು ಇನ್ನೂ ಕಷ್ಟ. ಹಾಗಾಗಿ ನರ್ಸರಿಗೆ ಬಳಸುವ ಶೇಡ್ ನೆಟ್.

ಶೇ 35, 50, 75, 90 ಎಂದು ನೆಟ್ ಸಿಗುತ್ತದೆ. ಅಷ್ಟು ಪಾಲು ಬಿಸಿಲನ್ನು ಅದು ತಡೆಯುತ್ತದೆ ಎಂದರ್ಥ. ಗಿಡಕ್ಕೆ 50 ಸಾಕು. ಮೋಲ್ಡಿಗೆ, ಜನ ಕೂರುವ ಜಾಗಕ್ಕೆ 75 ಅಥವಾ 90. ಯು.ವಿ., ಅಂದರೆ ಬಿಸಿಲಿನ ನೇರಳಾತೀತ ಕಿರಣ, ತಾಳುವಂಥದ್ದೇ ಕೇಳಿ, ಇಲ್ಲದಿದ್ದರೆ ಒಂದೆರಡು ಬೇಸಿಗೆಯಲ್ಲಿ ಹಪ್ಪಳದಂತೆ ಪುಡಿಯಾಗುತ್ತದೆ. ಈ ನೆಟ್‌ಗಳಿಗೆ ಐ.ಎಸ್. 16008 ಎಂಬ ಮಾನದಂಡವಿದೆ, ರೋಲಿನ ಮೇಲೆ ಇದೆಯೇ ನೋಡಿ. ಕಪ್ಪು ಬಣ್ಣದ್ದು ಬಾಳಿಕೆ ಬರುತ್ತದೆ, ಆದರೆ ತಾನೇ ಹೆಚ್ಚು ಕಾಯುತ್ತದೆ. ಹಸಿರಿನ ಕೆಳಗೆ ಕುಳಿತರೆ ಎಲ್ಲರ ಮುಖವೂ ಕಾಮಾಲೆ ಬಂದ ಹಾಗೆ ಕಾಣುತ್ತದೆ. ನನ್ನ ಆಯ್ಕೆ ಬಿಳಿ.

ಇನ್ನು ನನ್ನ ಪೆದ್ದುತನದ ಕಥೆ. ಮೊದಲ ಸಲ ನೆಟ್ಟನ್ನು ಪ್ಯಾರಾಪೆಟ್ಟಿನ ಎತ್ತರಕ್ಕೇ, ಸುತ್ತ ನೈಲಾನ್ ಹಗ್ಗ ಹಾಕಿ ಬಿಗಿದಿದ್ದೆ. ಭರಣಿ ಮಳೆಯ ಮೊದಲ ಗಾಳಿಗೆ ಮೂರು ಮೂಲೆ ಕಿತ್ತವು. ಬೆಳಿಗ್ಗೆ ನೋಡಿದರೆ ನೆಟ್ ಪಕ್ಕದ ಮನೆಯ ನೀರಿನ ಟ್ಯಾಂಕಿಗೆ ಸೀರೆ ಉಡಿಸಿದ ಹಾಗೆ ಸುತ್ತಿಕೊಂಡಿತ್ತು. "ನಿಮ್ಮ ಚಪ್ಪರ ನಮ್ಮನೇಲಿದೆ, ಮದುವೆ ಯಾವಾಗ?" ಎಂದು ಆ ಮನೆಯ ಅಜ್ಜಿ ಕೇಳಿದರು. ಕರೆಂಟ್ ತಂತಿಯ ಮೇಲೆ ಬೀಳದಿದ್ದದ್ದು ಪುಣ್ಯ. ಹತ್ತಡಿಗೆ ಹತ್ತಡಿಯ ಟಾರ್ಪಾಲಿಗೆ ಗಂಟೆಗೆ 50 ಕಿ.ಮೀ. ವೇಗದ ಗಾಳಿ ನೇರವಾಗಿ ಹೊಡೆದರೆ ನೂರು ಕಿಲೋಗೂ ಮೀರಿದ ಭಾರ ಎಳೆದಂತೆ. ನೆಟ್ಟಿನಲ್ಲಿ ಗಾಳಿ ನುಸುಳುವುದರಿಂದ ಅದಕ್ಕಿಂತ ಕಡಿಮೆ, ಆದರೂ ಮನೆಯ ಹಗ್ಗಕ್ಕೆ ಅದು ಹೆಚ್ಚೇ.

ಈಗಿನದು ಹೀಗಿದೆ. ಜಿ.ಐ. ಪೈಪಿನ ಚೌಕಟ್ಟು, ಏಳಡಿ ಎತ್ತರ. ಕೆಳಗೆ ಓಡಾಡಬಹುದು, ಗಾಳಿಯೂ ಸುಳಿದಾಡುತ್ತದೆ. ನೆಟ್ಟಿನ ಅಂಚನ್ನು ಎರಡು ಮಡಿಕೆ ಮಡಚಿ ಹೊಲಿಸಿ, ಎರಡೆರಡು ಅಡಿಗೊಂದು ಐಲೆಟ್ ಹಾಕಿಸಿದ್ದೇನೆ. ಕಟ್ಟಿರುವುದು ಕಪ್ಪು ಕೇಬಲ್ ಟೈಯಲ್ಲಿ. ಬಿಳಿಯದು ಬಿಸಿಲಿಗೆ ಬೇಗ ಮುರಿಯುತ್ತದೆ. ಕಂಬಗಳನ್ನು ಪ್ಯಾರಾಪೆಟ್ ಗೋಡೆಗೆ ಪಟ್ಟಿ ಹಾಕಿ ಕೂರಿಸಿದ್ದು. ತಾರಸಿಯ ನೆಲಕ್ಕೆ ತೂತು ಮಾಡಿಸಿದ್ದರೆ ಸೋರುವಿಕೆಯ ಇನ್ನೊಂದು ಕಥೆ ಶುರುವಾಗುತ್ತಿತ್ತು.

ಸೋಲಾರ್ ಹೀಟರ್ ಅಥವಾ ಪ್ಯಾನಲ್ ಇದ್ದರೆ ಅವುಗಳ ಮೇಲೆ ನೆರಳಿನ ಚೂರೂ ಬೀಳದಂತೆ ನೋಡಿಕೊಳ್ಳಿ. ಕಪ್ಪು ನೀರಿನ ಟ್ಯಾಂಕನ್ನು ಮಾತ್ರ ನೆಟ್ಟಿನೊಳಗೆ ಸೇರಿಸಿ, ಮಧ್ಯಾಹ್ನ ನಲ್ಲಿಯಲ್ಲಿ ಬಿಸಿನೀರು ಬರುವುದು ತಪ್ಪುತ್ತದೆ. ಏಸಿಯ ಹೊರಗಿನ ಯಂತ್ರಕ್ಕೂ ನೆರಳು ಒಳ್ಳೆಯದೇ, ಆದರೆ ಅದರ ಉಸಿರು ಕಟ್ಟಬಾರದು. ಒಂದು ಮೂಲೆ ಬಯಲಾಗೇ ಇರಲಿ. ನಾನು ಬಿಡಲು ಮರೆತಿದ್ದೆ, ಸಂಡಿಗೆ ಎಲ್ಲಿ ಒಣಗಿಸಲಿ ಎಂದು ಅಮ್ಮ ಜಗಳಕ್ಕೇ ನಿಂತರು.

ಚರ್ಮದ ಲೆಕ್ಕ ಬೇರೆ

ನೆಟ್ಟಿನ ಕೆಳಗೆ ತಂಪಾಗಿದೆ ಎಂದು ಮಕ್ಕಳನ್ನು ಮಧ್ಯಾಹ್ನವಿಡೀ ತಾರಸಿಯಲ್ಲಿ ಆಡಲು ಬಿಡಬೇಡಿ. ನಮ್ಮಲ್ಲಿ ಬೇಸಿಗೆ ನಡುಹಗಲಿನಲ್ಲಿ ಯು.ವಿ. ಸೂಚ್ಯಂಕ 11 ದಾಟುವುದು ಮಾಮೂಲು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದೇ ಕೊನೆಯ ಮೆಟ್ಟಿಲು. ಶೇ 75ರ ನೆಟ್ ಕಾಲು ಪಾಲನ್ನು ಒಳಗೆ ಬಿಡುತ್ತದೆ, ಜೊತೆಗೆ ಆಕಾಶದಿಂದ ಚದುರಿ ಬರುವುದು ಪಕ್ಕಗಳಿಂದ ನುಗ್ಗುತ್ತದೆ. ಕೂರುವ ಜಾಗಕ್ಕೆಂದೇ ಬಟ್ಟೆ ಕೊಳ್ಳುವುದಾದರೆ ಯು.ಪಿ.ಎಫ್. 50 ಎಂದಿರುವುದನ್ನು ನೋಡಿ. ಅದರಲ್ಲಿ ಯು.ವಿ.ಯ ಐವತ್ತರಲ್ಲಿ ಒಂದು ಪಾಲು ಮಾತ್ರ ದಾಟುತ್ತದೆ. ಕಿಟಕಿಯ ಸಾದಾ ಗಾಜನ್ನೂ ಪೂರ್ತಿ ನಂಬುವಂತಿಲ್ಲ. ಚರ್ಮ ಸುಡುವ ಯು.ವಿ.ಬಿ. ಕಿರಣವನ್ನು ಬಹುತೇಕ ತಡೆದರೂ ಚರ್ಮಕ್ಕೆ ಮುಪ್ಪು ತರುವ ಯು.ವಿ.ಎ. ಅದರಲ್ಲಿ ದಾಟಿ ಬರುತ್ತದೆ.

ಬಿಲ್ಲಿನಲ್ಲಿ ಕಾಣುವುದೇ?

ಕಾಣುತ್ತದೆ, ನೀವು ಏಸಿಯ ರಿಮೋಟ್ ಮುಟ್ಟಿದರೆ. ನೆರಳು ಮಾಡಿದ ಮೇಲೂ ಹಳೇ ಅಭ್ಯಾಸದಂತೆ 20ಕ್ಕೇ ಇಟ್ಟರೆ ಉಳಿತಾಯದ ಬಹುಪಾಲು ಅಲ್ಲೇ ಸೋರಿಹೋಗುತ್ತದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಇಂಧನ ದಕ್ಷತಾ ಬ್ಯೂರೊ. 2020ರಿಂದ ಸ್ಟಾರ್ ಪಟ್ಟಿಯ ಹೊಸ ಏಸಿಗಳು ಆನ್ ಆಗುವುದೇ 24ರಲ್ಲಿ. ಬಿಸಿಲು ಹೊರಗುಳಿದ ಕೋಣೆಯಲ್ಲಿ 26 ಇಟ್ಟು ಫ್ಯಾನ್ ಹಾಕಿದರೆ ಹೊದಿಕೆ ಕೇಳುವವರೂ ಇದ್ದಾರೆ. ಗೃಹಜ್ಯೋತಿಯವರಿಗಂತೂ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಒಂದೂವರೆ ಟನ್ನಿನ ಏಸಿ ಗಂಟೆಗೆ ಒಂದು, ಒಂದೂವರೆ ಯೂನಿಟ್ ಎಳೆಯುವುದಾದರೆ, ಏಪ್ರಿಲ್‌ನಲ್ಲಿ ದಿನಕ್ಕೊಂದು ಗಂಟೆ ಕಡಿಮೆ ಓಡಿಸಿದರೂ ಆ ಗೆರೆಯ ಈಚೆ ಉಳಿಯಬಹುದು. ಚಿಕ್ ಕಟ್ಟುವ ಹಿಂದಿನ ವಾರ ಮತ್ತು ಮುಂದಿನ ವಾರ ಮೀಟರ್ ಓದಿ ಬರೆದಿಟ್ಟುಕೊಳ್ಳಿ. ಗೋಡೆಗೊಂದು ಅಗ್ಗದ ಥರ್ಮಾಮೀಟರ್ ತಗುಲಿಹಾಕಿ ದಿನಾ ಒಂದೇ ಹೊತ್ತಿಗೆ ನೋಡಿ.

ಅಂಗಳವಿದ್ದವರು ಪಶ್ಚಿಮಕ್ಕೊಂದು ಹೊಂಗೆ ನೆಡಿ. ಬೇಸಿಗೆ ಏರುವ ಹೊತ್ತಿಗೆ ಸರಿಯಾಗಿ ಹೊಸ ಎಲೆ ತುಂಬಿಕೊಳ್ಳುವ ಮರ ಅದು. ಕುಂಡ ಮಾತ್ರ ಇರುವವರಿಗೆ ಬಸಳೆ, ಹೀರೆ ಇದ್ದೇ ಇದೆ. ತಂತಿಗೆ ಹಬ್ಬಿಸಿದರೆ ನೆರಳೂ ಆಯಿತು, ಸಾರೂ ಆಯಿತು.

ಮುಂಗಾರು ಹಿಡಿದ ಮೇಲೆ ಚಿಕ್ ಬಿಚ್ಚಿ ಒರೆಸಿ, ಒಂದು ಕೈ ವಾರ್ನಿಷ್ ಬಳಿದು ಒಣಗಿಸಿ ಒಳಗಿಡಿ. ಇನ್ನೂ ಕಟ್ಟೇ ಇದ್ದರೆ ದೀಪಾವಳಿಗೆ ಮೊದಲಾದರೂ ಬಿಚ್ಚಿ. ಒಣಬಿದಿರಿಗೂ ನೆಟ್‌ಗೂ ಒಂದು ಕಿಡಿ ಸಾಕು. ನೆಟ್ಟನ್ನು ತೊಳೆದು ಮಡಚಿದ ಮೇಲೆ ನೆಲದ ಮೇಲೆ ಇಡಬೇಡಿ, ಮೊಳೆಗೆ ನೇತುಹಾಕಿ. ನಮ್ಮ ಹಳೇ ನೆಟ್ಟಿನಲ್ಲಿ ಇಲಿ ಮರಿ ಹಾಕಿತ್ತು.