ಜಿಯಿಂದ ಸಿಗೆ ಹೋಗುವಾಗ ಹಾಡು ನಿಂತುಹೋಗುತ್ತಾ?

ಗಿಟಾರ್ ತಗೊಂಡು ಆರು ತಿಂಗಳಾಗಿದೆ. ನಾಲ್ಕೈದು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಬರುತ್ತವೆ. ಪಲ್ಲವಿ ಶುರುವಾದಾಗ ಜಿ ಕಾರ್ಡ್ ಘನವಾಗಿಯೇ ಕೇಳಿಸುತ್ತದೆ. ಸಿ ಬರುವ ಹೊತ್ತಿಗೆ ಹಾಡುವವರು ಮುಂದಿನ ಸಾಲಿಗೆ ಹೋಗಿರುತ್ತಾರೆ, ನೀವಿನ್ನೂ ಬೆರಳಿಗೆ ಜಾಗ ಹುಡುಕುತ್ತಿರುತ್ತೀರಿ.

ಅಭ್ಯಾಸ ಸಾಲದು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ದಿನಾ ಒಂದು ಗಂಟೆ ಅದೇ ಹಾಡನ್ನು ಮೊದಲಿಂದ ಕೊನೆವರೆಗೆ ನುಡಿಸಿ, ಅದೇ ಜಾಗದಲ್ಲಿ ಎಡವಿ, ಅಲ್ಲಿಂದ ಮುಂದಕ್ಕೆ ಹೋದರೆ ಗಟ್ಟಿಯಾಗುವುದು ಆ ಎಡವಟ್ಟೇ. ರಿಪೇರಿ ಆಗಬೇಕಿರುವುದು ಇಡೀ ಹಾಡಲ್ಲ, ಎರಡು ಕಾರ್ಡ್ ನಡುವಿನ ಸಂದು.

ಬೆರಳನ್ನು ಬೈಯುವ ಮೊದಲು ಗಿಟಾರ್ ನೋಡಿ

ಹನ್ನೆರಡನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಅಡ್ಡ ಕಂಬಿ) ಹತ್ತಿರ ಒಂದು ಸ್ಕೇಲ್ ಇಟ್ಟು, ಅತಿ ದಪ್ಪ ತಂತಿಗೂ ಫ್ರೆಟ್‌ಗೂ ಎಷ್ಟು ಅಂತರ ಇದೆ ಅಂತ ಅಳೆಯಿರಿ. ಅಕೂಸ್ಟಿಕ್ ಗಿಟಾರ್‌ನಲ್ಲಿ ಎರಡೂವರೆ ಮಿಲಿಮೀಟರ್ ಆಸುಪಾಸು ಇದ್ದರೆ ಸರಿ. ನನ್ನ ಮೊದಲ ಗಿಟಾರ್‌ನಲ್ಲಿ ನಾಲ್ಕರ ಹತ್ತಿರ ಇತ್ತು. ಅಂಗಡಿಯವರು ಹೇಳಲಿಲ್ಲ, ನನಗೆ ಕೇಳಬೇಕು ಅಂತಲೂ ಗೊತ್ತಿರಲಿಲ್ಲ. ನನ್ನ ಬೆರಳಿಗೇ ಶಕ್ತಿ ಇಲ್ಲ ಅಂದುಕೊಂಡು ಮೂರು ತಿಂಗಳು ಕಳೆದೆ. ಈ ಅಂತರಕ್ಕೆ ಆಕ್ಷನ್ ಅನ್ನುತ್ತಾರೆ. ಅದು ಜಾಸ್ತಿ ಇದ್ದರೆ ರಿಪೇರಿ ಗೊತ್ತಿರುವವರ ಹತ್ತಿರ ‘ಆಕ್ಷನ್ ಇಳಿಸಿಕೊಡಿ’ ಅನ್ನಿ. ತಂತಿ ಬದಲಿಸುವಾಗ 12ರ ಬದಲು ಅದಕ್ಕಿಂತ ತೆಳುವಾದ 11 ಅಥವಾ 10ರ ಸೆಟ್ ಹಾಕಿಸಿದರೆ ಒತ್ತುವುದು ಇನ್ನೂ ಸುಲಭ.

ಈಗ ಒಂದು ಚಿಕ್ಕ ಪರೀಕ್ಷೆ. ಯಾವುದಾದರೂ ತಂತಿಯ ಮೇಲೆ ಬೆರಳನ್ನು ಸುಮ್ನೆ ಇಟ್ಟು ಮೀಟಿ. ಟಪ್ ಅನ್ನುತ್ತದೆ. ಸ್ವಲ್ಪ ಸ್ವಲ್ಪವೇ ಒತ್ತುತ್ತಾ, ಮೀಟುತ್ತಾ ಹೋಗಿ. ಮೊದಲು ಜುಂಯ್‌ಗುಡುತ್ತದೆ, ಆಮೇಲೆ ಒಂದು ಹಂತದಲ್ಲಿ ನಾದ ಸ್ವಚ್ಛವಾಗುತ್ತದೆ. ಅಷ್ಟೇ ಒತ್ತಡ ಸಾಕು. ಬೆರಳು ಫ್ರೆಟ್‌ನ ಕಂಬಿಗೆ ತೀರಾ ಹತ್ತಿರ ಇದ್ದಷ್ಟೂ ಒತ್ತಡ ಕಡಿಮೆ ಬೇಕಾಗುತ್ತದೆ. ನಾವೆಲ್ಲ ಬೇಕಾದ್ದಕ್ಕಿಂತ ಜಾಸ್ತಿ ಅದುಮುತ್ತೇವೆ, ಅದಕ್ಕೇ ಕಾರ್ಡ್ ಬಿಟ್ಟು ಏಳಲು ಬೆರಳಿಗೆ ಇಷ್ಟು ಹೊತ್ತು ಬೇಕಾಗುತ್ತದೆ.

ಸಂದು ರಿಪೇರಿ

ಜಿಯಿಂದ ಸಿಗೆ ಹೋಗುವುದನ್ನೇ ತೆಗೆದುಕೊಳ್ಳೋಣ. ಬಹಳ ಜನ ಜಿ ಕಾರ್ಡನ್ನು ತೋರುಬೆರಳು, ನಡುಬೆರಳು, ಉಂಗುರ ಬೆರಳಿನಲ್ಲಿ ಹಿಡಿಯುತ್ತಾರೆ. ಹೀಗೆ ಹಿಡಿದರೆ ಸಿಗೆ ಬರುವಾಗ ಮೂರೂ ಬೆರಳು ಎದ್ದು ಹೊಸ ಜಾಗ ಹುಡುಕಬೇಕು. ಬೇರೆ ತರ ಹಿಡಿದು ನೋಡಿ. ಐದನೇ ತಂತಿಯ ಎರಡನೇ ಫ್ರೆಟ್‌ಗೆ ನಡುಬೆರಳು. ಆರನೇ ತಂತಿಯ ಮೂರನೇ ಫ್ರೆಟ್‌ಗೆ ಉಂಗುರ ಬೆರಳು. ಒಂದನೇ ತಂತಿಯ ಮೂರನೇ ಫ್ರೆಟ್‌ಗೆ ಕಿರುಬೆರಳು. (ಅತಿ ತೆಳು ತಂತಿಯೇ ಒಂದನೆಯದು, ಅತಿ ದಪ್ಪದ್ದು ಆರನೆಯದು.)

ಸಿ ಬೇಕೆಂದಾಗ ನಡುಬೆರಳು, ಉಂಗುರ ಬೆರಳು ಎರಡೂ ಇದ್ದ ಭಂಗಿಯಲ್ಲೇ ಜೋಡಿಯಾಗಿ ಒಂದೊಂದು ತಂತಿ ಕೆಳಗೆ, ತೆಳು ತಂತಿಯ ಕಡೆಗೆ, ಇಳಿಯುತ್ತವೆ. ಕಿರುಬೆರಳು ಏಳುತ್ತದೆ, ತೋರುಬೆರಳು ಎರಡನೇ ತಂತಿಯ ಮೊದಲ ಫ್ರೆಟ್‌ಗೆ ಬರುತ್ತದೆ. ಕಿರುಬೆರಳು ಮೊದಮೊದಲು ಮುಷ್ಕರ ಹೂಡುತ್ತದೆ, ಒಂದು ವಾರ ಸಹಿಸಿಕೊಳ್ಳಿ.

ಹೀಗೆ ಪ್ರತಿ ಸಂದಿನಲ್ಲೂ ಯಾವ ಬೆರಳು ಭಂಗಿ ಬದಲಿಸಬೇಕಿಲ್ಲ, ಯಾವುದು ಅಲ್ಲಾಡಲೇಬೇಕಿಲ್ಲ ಅಂತ ಹುಡುಕಬೇಕು. ಸಿಯಿಂದ ಎ ಮೈನರ್‌ಗೆ ಹೋಗುವಾಗ ತೋರುಬೆರಳು, ನಡುಬೆರಳು ಇದ್ದಲ್ಲೇ ಇರುತ್ತವೆ, ಉಂಗುರ ಬೆರಳು ಮಾತ್ರ ಮೂರನೇ ತಂತಿಯ ಎರಡನೇ ಫ್ರೆಟ್‌ಗೆ ಹೋಗುತ್ತದೆ. ಎ ಮೈನರ್‌ನ ಆಕಾರವನ್ನೇ ಒಂದು ತಂತಿ ಮೇಲಕ್ಕೆ, ದಪ್ಪ ತಂತಿಯ ಕಡೆಗೆ, ಸರಿಸಿದರೆ ಇ ಕಾರ್ಡ್. ಇದನ್ನು ಯಾರಾದರೂ ತೋರಿಸಿಕೊಡುವವರೆಗೆ ನಾನು ಎರಡನ್ನೂ ಬೇರೆಬೇರೆ ಅಂತಲೇ ಕಲಿತಿದ್ದೆ.

ಆಮೇಲೆ ಮೊಬೈಲ್‌ನಲ್ಲಿ ಒಂದು ನಿಮಿಷದ ಟೈಮರ್ ಇಡಿ. ಜಿ, ಸಿ, ಜಿ, ಸಿ ಅಂತ ಬದಲಿಸುತ್ತಾ ಎಷ್ಟು ಸಲ ಆಯಿತು ಅಂತ ಎಣಿಸಿ ಬರೆದಿಡಿ. ಪ್ರತಿ ಕಾರ್ಡಿಗೆ ಒಂದೇ ಸಲ ಮೀಟಿದರೆ ಸಾಕು. ಮೊದಲ ದಿನ ಹದಿನೈದಿಪ್ಪತ್ತು ಆದರೆ ಬೇಜಾರು ಬೇಡ. ಅರವತ್ತು ಮುಟ್ಟಿದ ಮೇಲೆ ಹಾಡಿನಲ್ಲಿ ಆ ಜಾಗ ಬಂದದ್ದೂ ಗೊತ್ತಾಗುವುದಿಲ್ಲ.

ಮೂರು ಕಾಲದಲ್ಲಿ ಸರಳೆ

ಒಂದೇ ವೇಗದಲ್ಲಿ ಟಿಕ್ ಟಿಕ್ ಅಂತ ತಾಳ ಹಾಕುವ ಮೆಟ್ರೊನೋಮ್ ಅಂದರೆ ಕೆಲವರಿಗೆ ಅಲರ್ಜಿ. ಆದರೆ ಚಿಕ್ಕಂದಿನಲ್ಲಿ ಸಂಗೀತ ಪಾಠಕ್ಕೆ ಹೋದವರಿಗೆ ಇದು ಹೊಸದೇನಲ್ಲ. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿಸುತ್ತಿದ್ದರಲ್ಲ, ಅದೇ ಇದು. ಗಿಟಾರ್‌ನಲ್ಲೂ ಅದನ್ನೇ ಮಾಡಬಹುದು. ಒಂದೇ ತಂತಿ ಆರಿಸಿಕೊಳ್ಳಿ. ಖಾಲಿ ತಂತಿ ‘ಸ’. ರಿ ಮೊದಲ ಫ್ರೆಟ್, ಗ ನಾಲ್ಕು, ಮ ಐದು, ಪ ಏಳು, ದ ಎಂಟು, ನಿ ಹನ್ನೊಂದು, ಮೇಲಿನ ಸ ಹನ್ನೆರಡು. ಇದೇ ಸರಳೆ ಹಾಡಿಸುವ ಮಾಯಾಮಾಳವಗೌಳ ರಾಗ. ಮೆಟ್ರೊನೋಮನ್ನು ನಿಮಿಷಕ್ಕೆ 50 ಟಿಕ್‌ಗೆ ಇಟ್ಟು ಮೊದಲ ಕಾಲದಲ್ಲಿ ಒಂದು ಟಿಕ್‌ಗೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಮೂರನೇ ಕಾಲದಲ್ಲಿ ಸ್ವರಗಳು ಒಂದಕ್ಕೊಂದು ಅಂಟಿಕೊಂಡರೆ 40ಕ್ಕೆ ಇಳಿಸಿ. ಗೂಗಲ್‌ನಲ್ಲಿ ಮೆಟ್ರೊನೋಮ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಅಲ್ಲೇ ಒಂದು ತೆರೆದುಕೊಳ್ಳುತ್ತದೆ, ದುಡ್ಡು ಕೊಡುವ ಆ್ಯಪ್ ಬೇಕಿಲ್ಲ.

ಬಲಗೈಗೆ ಒಂದೇ ಮಾತು: ನಿಲ್ಲಿಸಬೇಡಿ. ಡೌನ್, ಡೌನ್-ಅಪ್, ಅಪ್-ಡೌನ್-ಅಪ್ ಅನ್ನುವ ಪರಿಚಿತ ಸ್ಟ್ರಮ್‌ನಲ್ಲೂ (ತಂತಿಗಳನ್ನು ಒಟ್ಟಿಗೆ ಮೀಟುವ ಬಗೆ) ಕೈ ಗಡಿಯಾರದ ಲೋಲಕದ ಹಾಗೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಕೆಲವು ಸಲ ತಂತಿಗೆ ತಾಗುವುದಿಲ್ಲ, ಅಷ್ಟೇ. ಎಡಗೈ ತಡವಾದರೂ ಬಲಗೈ ನಡೆದರೆ ಕೇಳುವವರಿಗೆ ತಪ್ಪು ಗೊತ್ತಾಗುವುದೇ ಇಲ್ಲ.

ಮೇಷ್ಟ್ರು ಬೇಕಾ, ಯೂಟ್ಯೂಬ್ ಸಾಕಾ?

ತಿಂಗಳಿಗೆ ಎರಡೇ ಕ್ಲಾಸ್ ಆದರೂ ಸರಿ, ಮೊದಲ ವರ್ಷ ಒಬ್ಬರು ಕೈ ನೋಡಬೇಕು. ವಿಡಿಯೊ ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಮಣಿಕಟ್ಟು ಬಾಗಿರುವುದು ಅದಕ್ಕೆ ಕಾಣುವುದಿಲ್ಲ, ಅಲ್ವಾ? ಡೆಮೊ ಕ್ಲಾಸ್‌ಗೆ ಹೋದಾಗ ಮೇಷ್ಟ್ರು ತಾವೇ ನುಡಿಸಿ ಮೆಚ್ಚಿಸುತ್ತಾರೋ, ನಿಮ್ಮ ಕೈಯಲ್ಲಿ ನುಡಿಸಿ ನೋಡುತ್ತಾರೋ ಗಮನಿಸಿ. ಎರಡನೇ ತರದವರ ಹತ್ತಿರ ಸೇರಿಕೊಳ್ಳಿ. ಟ್ರಿನಿಟಿ, ರಾಕ್‌ಸ್ಕೂಲ್ ಸಂಸ್ಥೆಗಳ ಸಂಗೀತ ಗ್ರೇಡ್ ಪರೀಕ್ಷೆಗಳು ಎಂಟನೇ ಗ್ರೇಡ್‌ವರೆಗೆ ಇವೆ. ಮಕ್ಕಳಿಗೆ ಒಂದು ಗುರಿ ಸಿಗುತ್ತದೆ. ಮನೆಯಲ್ಲಿ ನಾಲ್ಕು ಹಾಡು ಹಾಡಿಕೊಳ್ಳುವವರಿಗೆ ಅದರ ಹಂಗಿಲ್ಲ.

ಆನ್‌ಲೈನ್ ಕ್ಲಾಸ್ ಆದರೆ ಜೂಮ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ‘ಒರಿಜಿನಲ್ ಸೌಂಡ್’ ಆನ್ ಮಾಡಿ. ಇಲ್ಲದಿದ್ದರೆ ಅದು ಗಿಟಾರ್ ನಾದವನ್ನೇ ಗದ್ದಲ ಅಂದುಕೊಂಡು ಕತ್ತರಿಸುತ್ತದೆ. ಇಬ್ಬರೂ ಒಟ್ಟಿಗೆ ನುಡಿಸಲು ಹೋಗಬೇಡಿ, ದನಿ ತಡವಾಗಿ ತಲುಪುವುದರಿಂದ ತಾಳ ಕೂಡುವುದಿಲ್ಲ.

ಉಚಿತವಾಗಿ ಕಲಿಯಲು ಆಸ್ಟ್ರೇಲಿಯಾದ ಜಸ್ಟಿನ್ ಸ್ಯಾಂಡರ್‌ಕೋ ಅವರ ಜಸ್ಟಿನ್‌ಗಿಟಾರ್ ತಾಣ ಚೆನ್ನಾಗಿದೆ. ಪಾಠಗಳು ಹಂತಹಂತವಾಗಿವೆ, ಮೇಲೆ ಹೇಳಿದ ಒಂದು ನಿಮಿಷದ ಲೆಕ್ಕವೂ ಅಲ್ಲಿದೆ. ಯೂಟ್ಯೂಬ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಿದರೂ ಶ್ರುತಿ ಬದಲಾಗುವುದಿಲ್ಲ. ಕಂಪ್ಯೂಟರ್‌ನಲ್ಲಿ ವಿಡಿಯೊ ನಿಲ್ಲಿಸಿ ಕೀಬೋರ್ಡ್‌ನ ಫುಲ್‌ಸ್ಟಾಪ್ ಒತ್ತಿದರೆ ಚಿತ್ರ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ, ಕಾಮಾ ಒತ್ತಿದರೆ ಹಿಂದೆ. ಬೆರಳು ಯಾವಾಗ ಎದ್ದಿತು ಅಂತ ನೋಡಲು ಇದಕ್ಕಿಂತ ಒಳ್ಳೆ ಉಪಾಯ ನನಗೆ ಸಿಕ್ಕಿಲ್ಲ.

ಕನ್ನಡ ಸಿನಿಮಾ ಹಾಡುಗಳ ಕಾರ್ಡ್ ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಆದರೆ ಅವು ಯಾರೋ ಕೇಳಿ ಬರೆದದ್ದು, ಹಾಗಾಗಿ ಕಣ್ಣು ಮುಚ್ಚಿ ನಂಬಬೇಡಿ. ಹಾಡು ಹಾಕಿಕೊಂಡು ಐದನೇ, ಆರನೇ ತಂತಿಯಲ್ಲಿ ಒಂದೊಂದೇ ಸ್ವರ ಮೀಟಿ, ತಳದಲ್ಲಿ ಕೇಳುವ ಬೇಸ್‌ಗೆ ಯಾವುದು ಕೂಡುತ್ತದೆ ನೋಡಿ. ಬರೆದಿರುವ ಕಾರ್ಡಿನ ಹೆಸರಿಗೂ ಅದಕ್ಕೂ ತಾಳೆ ಬೀಳದಿದ್ದರೆ ಇನ್ನೊಮ್ಮೆ ಅನುಮಾನದಿಂದ ಕೇಳಿ.

ಕೊನೆಗೆ ಕ್ಯಾಪೊ ವಿಷಯ, ಅಂದರೆ ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯುವ ಕ್ಲಿಪ್. ಮನೆಯ ಸಮಾರಂಭದಲ್ಲಿ ಚಿಕ್ಕಮ್ಮ ಹಾಡಲು ಕೂತು, ‘ನಂದು ಕಪ್ಪು ಎರಡು ಕಣಪ್ಪ’ ಅಂದರೆ ಗಾಬರಿ ಬೇಡ. ಹಾರ್ಮೋನಿಯಂನ ಕಪ್ಪು ಎರಡು ಅಂದರೆ ಡಿ ಶಾರ್ಪ್. ಮೂರನೇ ಫ್ರೆಟ್‌ಗೆ ಕ್ಯಾಪೊ ಹಾಕಿ, ಸಿ ಶ್ರುತಿಯಲ್ಲಿ ಕಲಿತ ಕಾರ್ಡ್‌ಗಳನ್ನೇ ಹಿಡಿಯಿರಿ. ಕ್ಯಾಪೊ ಹಾಕಿದ ಮೇಲೆ ಮಾತ್ರ ತಂತಿಗಳನ್ನು ಇನ್ನೊಮ್ಮೆ ಟ್ಯೂನ್ ಮಾಡಿಕೊಳ್ಳಿ. ತಂತಿಯನ್ನು ಅದು ಕೊಂಚ ಎಳೆಯುತ್ತದೆ, ಚಿಕ್ಕಮ್ಮನ ಕಿವಿಗೆ ಅದು ಮೊದಲು ಗೊತ್ತಾಗುತ್ತದೆ.