ಸೌತ್ ಜಾರ್ಜಿಯಾಕ್ಕೆ ಕಾಲಿಡುವ ಮುನ್ನ

ಸೌತ್ ಜಾರ್ಜಿಯಾ ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ, ಅಂಟಾರ್ಕ್ಟಿಕಾದ ಹೊಸ್ತಿಲಲ್ಲಿ ಇರುವ ದ್ವೀಪ. ಫಾಕ್ಲೆಂಡ್ ದ್ವೀಪಗಳಿಂದ ಸುಮಾರು 1,400 ಕಿಲೋಮೀಟರ್ ದೂರ. ಅಲ್ಲಿ ವಿಮಾನ ಇಳಿಯುವ ಜಾಗ ಇಲ್ಲ, ಊರು ಇಲ್ಲ. ಕಿಂಗ್ ಎಡ್ವರ್ಡ್ ಪಾಯಿಂಟ್ ಅನ್ನುವ ಕಡೆ ಒಂದಿಷ್ಟು ವಿಜ್ಞಾನಿಗಳು, ಸರ್ಕಾರಿ ಅಧಿಕಾರಿಗಳು ಇರುತ್ತಾರೆ, ಅಷ್ಟೇ. ಹೋಗಬೇಕು ಅಂದರೆ ಹಡಗೇ ಗತಿ. ನಾನೂ ನನ್ನ ತಂಗಿಯೂ ಒಂದು ನವೆಂಬರಿನಲ್ಲಿ ಅರ್ಜೆಂಟೀನಾದ ಉಶುವಾಯಾದಿಂದ ಹೊರಟು, ಫಾಕ್ಲೆಂಡ್ ಮುಟ್ಟಿ, ಅಲ್ಲಿಂದ ಈ ದ್ವೀಪಕ್ಕೆ ಹೋಗಿ ಬಂದೆವು.

ಹೋಗಿ ಬಂದ ಮೇಲೆ ಜನ ಕೇಳುವುದು ಪೆಂಗ್ವಿನ್ ಬಗ್ಗೆ, ಚಳಿ ಬಗ್ಗೆ, ಖರ್ಚಿನ ಬಗ್ಗೆ. ನನಗೆ ಹೇಳಬೇಕು ಅನ್ನಿಸುವುದು ಮೊದಲು ಬೂಟು ತೊಳೆಯುವ ವಿಷಯ. ಆ ದ್ವೀಪದಲ್ಲಿ ಇಳಿಯುವುದರ ತಿರುಳೇ ಅದು ಅಂತ ನಾನು ನಂಬಿದ್ದೇನೆ.

ನಾನು ಹಕ್ಕಿ ನೋಡುವವಳು. ಮೈಸೂರಿನ ಸುತ್ತಮುತ್ತಲ ಕೆರೆದಂಡೆ, ಹುಲ್ಲುಗಾವಲು, ಗದ್ದೆ ಬದು ಎಲ್ಲ ಓಡಾಡಿ ಅಭ್ಯಾಸ. ಅಂಥ ಓಡಾಟ ಮುಗಿಸಿ ಬಂದರೆ ಪ್ಯಾಂಟಿನ ಅಂಚಿಗೆ ಉತ್ತರಾಣಿ ಬೀಜ ಸಾಲಾಗಿ ಅಂಟಿಕೊಂಡಿರುತ್ತದೆ. ಅದನ್ನು ಕಿತ್ತು ಅಂಗಳಕ್ಕೆ ಎಸೆಯುತ್ತೇವೆ, ಅಲ್ಲೇ ಹುಟ್ಟುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸೌತ್ ಜಾರ್ಜಿಯಾಕ್ಕೆ ಹೋಗುವವರು ಮಾತ್ರ ಇಂಥ ಒಂದು ಬೀಜವನ್ನೂ ಒಯ್ಯುವಂತಿಲ್ಲ. ಹಡಗು ಕಂಪನಿ ಕಳಿಸಿದ ಪಟ್ಟಿಯಲ್ಲಿ ಬೆಚ್ಚನೆ ಬಟ್ಟೆಗಿಂತ ಜಾಸ್ತಿ ಜಾಗ ಇದಕ್ಕೇ ಇತ್ತು.

ಸಾಧ್ಯವಾದರೆ ಹೊಸ ಜಲನಿರೋಧಕ ಪ್ಯಾಂಟು, ಹೊಸ ಕೈಗವಸು ತಗೊಳ್ಳಿ. ಗಮ್ ಬೂಟನ್ನು ಬಹುತೇಕ ಹಡಗುಗಳು ತಾವೇ ಕೊಡುತ್ತವೆ. ಉಳಿದ ಹಳೆಯ ಸಾಮಾನನ್ನು ಮನೆಯಲ್ಲೇ ತೊಳೆದು ಒಣಗಿಸಬೇಕು. ನಾವು ಎರಡೂ ಬ್ಯಾಗುಗಳನ್ನು ಒಳಗೆ ಹೊರಗೆ ಮಾಡಿ ವ್ಯಾಕ್ಯೂಮ್ ಹಾಕಿದೆವು. ಜೇಬಿನ ಮೂಲೆಗಳನ್ನು ಹೊರಗೆಳೆದು ಬ್ರಶ್ ಹಾಕಿದೆವು. ಟ್ರೈಪಾಡಿನ ಕಾಲುಗಳನ್ನು ಬಿಚ್ಚಿ ಒರೆಸಿದೆವು, ರಬ್ಬರ್ ತುದಿಯಲ್ಲಿ ಮಣ್ಣು ಕೂತಿರುತ್ತದೆ. ವೆಲ್ಕ್ರೋ ಇದೆಯಲ್ಲ, ಅದು ನಿಜವಾದ ಶತ್ರು. ಆದಷ್ಟು ವೆಲ್ಕ್ರೋ ಇಲ್ಲದ ಬಟ್ಟೆ ಆರಿಸಿಕೊಳ್ಳಿ.

ಬೇರೆ ತಯಾರಿ ಬೇಗ ಹೇಳಿಬಿಡುತ್ತೇನೆ. ಅರ್ಜೆಂಟೀನಾದ ವೀಸಾ ಮೊದಲೇ ಮಾಡಿಸಿಕೊಳ್ಳಬೇಕು. ಹಳದಿ ಜ್ವರದ ಲಸಿಕೆ ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡು ಕಾರ್ಡು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ. ವಾಪಸ್ ಬರುವಾಗ ಅದನ್ನು ಕೇಳುವುದು ನಮ್ಮ ದೇಶವೇ. ಹಡಗಿನ ಹೊಯ್ದಾಟಕ್ಕೆ ವಾಂತಿ ಮಾತ್ರೆಯನ್ನು ನಿಮ್ಮ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯುವ ಆಸೆ ಎಲ್ಲರಿಗೂ ಇರುತ್ತದೆ. ಅದನ್ನು ಹಡಗಿನವರಿಗೆ ಮೊದಲೇ ಹೇಳಿ, ಅವರು ಒಪ್ಪಿದರೆ ಕ್ಯಾಬಿನ್ನಿನೊಳಗೆ ಇಟ್ಟುಕೊಳ್ಳಿ. ದ್ವೀಪಕ್ಕಂತೂ ಒಂದು ಬಿಸ್ಕತ್ತೂ ಒಯ್ಯುವ ಹಾಗಿಲ್ಲ.

ಫಾಕ್ಲೆಂಡ್ ಬಿಟ್ಟ ಮೇಲೆ ಎರಡು ದಿನಕ್ಕೂ ಜಾಸ್ತಿ ಬರೀ ಸಮುದ್ರ. ನಡುವೆ ಅಂಟಾರ್ಕ್ಟಿಕ್‌ನ ತಣ್ಣೀರು ಉತ್ತರದ ನೀರಿನ ಕೆಳಗೆ ಜಾರುವ ಗೆರೆ ದಾಟುತ್ತೇವೆ. ನೀರಿನ ಉಷ್ಣಾಂಶ ಇಳಿಯುತ್ತದೆ, ಮಂಜು ಏಳುತ್ತದೆ. ವಾಂಡರಿಂಗ್ ಆಲ್ಬಟ್ರಾಸ್ ಹಡಗಿನ ಹಿಂದೆ ಬರುತ್ತದೆ, ರೆಕ್ಕೆ ಬಿಚ್ಚಿದರೆ ಮೂರು ಮೀಟರಿಗೂ ಮೀರಿದ್ದು. ರಾತ್ರಿ ಎಲ್ಲ ಕ್ಯಾಬಿನ್ನಿನ ಪರದೆ ಎಳೆಯಲೇಬೇಕು. ಬೆಳಕಿಗೆ ಮರುಳಾಗಿ ಸಮುದ್ರದ ಹಕ್ಕಿಗಳು ಹಡಗಿಗೆ ಬಡಿದು ಸಾಯುತ್ತವೆ, ಅದಕ್ಕೆ.

ಈ ದಾರಿಯಲ್ಲೇ ಹಡಗಿನ ತಪಾಸಣೆ ನಡೆಯಿತು. ಮೊದಲು ದ್ವೀಪದ ಸರ್ಕಾರ ಮಾಡಿದ ವಿಡಿಯೋ. ಅದನ್ನು ನೋಡದೆ ಯಾರೂ ಇಳಿಯುವಂತಿಲ್ಲ. ಆಮೇಲೆ ಒಂದೊಂದು ಡೆಕ್ಕಿನವರನ್ನು ಕರೆದರು. ದೊಡ್ಡ ಮೇಜು, ಜೋರು ಬೆಳಕಿನ ದೀಪ, ಚಿಮುಟ, ಪಿನ್ನು, ಹಳೆಯ ಹಲ್ಲುಜ್ಜುವ ಬ್ರಶ್ಶು. ಹೊರಗೆ ಹಾಕುವ ಬಟ್ಟೆಯನ್ನೆಲ್ಲ ಹರಡಿ, ಹೊಲಿಗೆ ಹೊಲಿಗೆ ನೋಡಬೇಕು. ನನ್ನ ಕ್ಯಾಮೆರಾ ಬ್ಯಾಗಿನ ಪಟ್ಟಿಯ ಕೆಳಗಡೆ ತಂಗಿ ಟಾರ್ಚು ಹಿಡಿದಳು.

‘ಅಕ್ಕಾ, ಇಲ್ಲಿ ನೋಡು, ಏನೋ ಇದೆ.’

ಅಕ್ಕಿನುಚ್ಚಿಗಿಂತ ಸಣ್ಣದು. ಹುಲ್ಲಿನ ಬೀಜ, ತುದಿಗೆ ಕೂದಲಿನಂಥ ಬಾಲ. ಬಾಲ ಪಟ್ಟಿಯ ನೇಯ್ಗೆಯೊಳಗೆ ಸುರುಳಿಯಾಗಿ ಹೊಕ್ಕಿತ್ತು. ಚಿಮುಟದಲ್ಲಿ ಎಳೆದರೆ ಬರಲಿಲ್ಲ. ಪಿನ್ನಿನಿಂದ ಎಳೆ ಸಡಿಲ ಮಾಡಿ, ಬಾಲವನ್ನು ಹಿಂದಕ್ಕೆ ತಿರುಗಿಸಿದ ಮೇಲೆ ಬಿಟ್ಟುಕೊಂಡಿತು. ಮನೆಯಲ್ಲಿ ತೊಳೆದು, ಒಣಗಿಸಿ, ವ್ಯಾಕ್ಯೂಮ್ ಹಾಕಿದ ಬ್ಯಾಗು ಅದು! ಎರಡನೇ ಜೋಡಿ ಕಣ್ಣು ಯಾಕೆ ಬೇಕು ಅಂತ ಆಗ ಅರ್ಥವಾಯಿತು. ನಿಮ್ಮ ಸಾಮಾನನ್ನು ಜೊತೆಯವರು ನೋಡಲಿ, ಅವರದನ್ನು ನೀವು ನೋಡಿ.

ಇಷ್ಟೆಲ್ಲ ಯಾಕೆ? ಆ ದ್ವೀಪ ಏನು ಅನುಭವಿಸಿದೆ ಅಂತ ತಿಳಿದರೆ ಈ ಪ್ರಶ್ನೆ ಬರುವುದಿಲ್ಲ. ಕ್ಯಾಪ್ಟನ್ ಜೇಮ್ಸ್ ಕುಕ್ 1775ರಲ್ಲಿ ಅಲ್ಲಿ ಇಳಿದ. ಸೀಲ್‌ಗಳು ಲೆಕ್ಕವಿಲ್ಲದಷ್ಟಿವೆ ಅನ್ನುವ ಸುದ್ದಿ ಹರಡಿತು. ತೊಗಲಿಗಾಗಿ ಬೇಟೆಗಾರರು ಬಂದರು, 1904ರಿಂದ ತಿಮಿಂಗಿಲ ಬೇಟೆ ಶುರುವಾಯಿತು. ಆ ಹಡಗುಗಳ ಜೊತೆ ಇಲಿ ಇಳಿಯಿತು. ಅಲ್ಲಿ ಮರ ಇಲ್ಲ. ಹಕ್ಕಿಗಳು ಗೂಡು ಕಟ್ಟುವುದು ನೆಲದ ಮೇಲೆ, ಹುಲ್ಲಿನ ಬುಡದಲ್ಲಿ, ಬಿಲದೊಳಗೆ. ಇಲಿಗೆ ಮೊಟ್ಟೆ, ಮರಿ ಎಲ್ಲ ಕೈಗೆಟುಕುವ ಊಟ. ಸೌತ್ ಜಾರ್ಜಿಯಾ ಪಿಪಿಟ್ ಅನ್ನುವ ಪುಟ್ಟ ಹಕ್ಕಿ ಈ ದ್ವೀಪ ಬಿಟ್ಟರೆ ಪ್ರಪಂಚದಲ್ಲಿ ಎಲ್ಲೂ ಇಲ್ಲ. ಇಲಿ ಇದ್ದ ಕಡೆಯೆಲ್ಲ ಅದು ಅಳಿದು, ಇಲಿ ಮುಟ್ಟದ ಸಣ್ಣ ದ್ವೀಪಗಳಲ್ಲಿ, ಕೆಲವು ಮೂಲೆಗಳಲ್ಲಿ ಮಾತ್ರ ಉಳಿದಿತ್ತು.

ಸೌತ್ ಜಾರ್ಜಿಯಾ ಹೆರಿಟೇಜ್ ಟ್ರಸ್ಟ್ ಅನ್ನುವ ಸಂಸ್ಥೆ ದಾನದ ದುಡ್ಡು ಕೂಡಿಸಿ 2011, 2013, 2015ರಲ್ಲಿ ಹೆಲಿಕಾಪ್ಟರಿನಿಂದ ಇಲಿ ಪಾಷಾಣ ಹಾಕಿತು. ಇದಕ್ಕೆ ಹಿಮನದಿಗಳೂ ನೆರವಾದವು. ಇಲಿ ಹಿಮನದಿ ದಾಟುವುದಿಲ್ಲ. ಹಾಗಾಗಿ ದ್ವೀಪವನ್ನು ತುಂಡು ತುಂಡಾಗಿ ಸ್ವಚ್ಛ ಮಾಡಬಹುದಿತ್ತು. ಆದರೆ ಹಿಮನದಿಗಳು ಕರಗಿ ಹಿಂದೆ ಸರಿಯುತ್ತಿದ್ದವು. ತಡ ಮಾಡಿದ್ದರೆ ತುಂಡುಗಳು ಒಂದಾಗಿ, ಇಲಿಗೆ ದಾರಿ ಸಿಕ್ಕಿಬಿಡುತ್ತಿತ್ತು. ಆಮೇಲೆ ವಾಸನೆ ಹಿಡಿಯುವ ನಾಯಿಗಳನ್ನು ಬಿಟ್ಟು ಇಡೀ ಜಾಗ ಜಾಲಾಡಿದರು. 2018ರಲ್ಲಿ ದ್ವೀಪ ಇಲಿಮುಕ್ತ ಎಂದು ಘೋಷಣೆಯಾಯಿತು. ಬಸುರಿ ಇಲಿಯೊಂದು ಯಾವುದೋ ಹಡಗಿನಿಂದ ಇಳಿದರೂ ಈ ಇಷ್ಟು ವರ್ಷದ ಕೆಲಸ ನೀರುಪಾಲು.

ಬೀಜದ ಕಥೆಯೂ ಇದೇ. ಬಂಡೀಪುರದಲ್ಲಿ ಲಂಟಾನ ಕಾಡಿನ ನೆಲವನ್ನೇ ನುಂಗಿರುವುದನ್ನು ನೋಡಿದವರಿಗೆ, ಹೊಲದ ಬದುವಿನಲ್ಲಿ ಪಾರ್ಥೇನಿಯಂ ಕಿತ್ತು ಕೈ ತುರಿಸಿಕೊಂಡವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಕೈಮೀರಿ ಹೋಗಿದೆ. ಅಲ್ಲಿ ಇನ್ನೂ ಕೈಯಲ್ಲಿದೆ. ಆ ಮೇಜಿನ ಮುಂದೆ ಕೂತು ಚಿಮುಟ ಹಿಡಿದಾಗ ನನಗೆ ಬೇಸರ ಆಗಲಿಲ್ಲ, ಒಂದು ಥರ ಗೌರವ ಅನ್ನಿಸಿತು.

ನಮ್ಮ ಹಡಗು ಮೊದಲು ನಿಂತದ್ದು ಗ್ರಿಟ್‌ವಿಕೆನ್‌ನಲ್ಲಿ. ಹಳೆಯ ತಿಮಿಂಗಿಲ ಕಾರ್ಖಾನೆ, ತುಕ್ಕು ಹಿಡಿದ ಎಣ್ಣೆ ಟ್ಯಾಂಕುಗಳು, ಒಂದು ಚರ್ಚು, ಮ್ಯೂಸಿಯಂ. ಸಾಹಸಿ ಅರ್ನೆಸ್ಟ್ ಶಾಕಲ್ಟನ್ 1922ರಲ್ಲಿ ಇಲ್ಲೇ ತೀರಿಕೊಂಡ, ಸಮಾಧಿಯೂ ಇಲ್ಲೇ. ಸರ್ಕಾರದ ಅಧಿಕಾರಿಗಳು ಹಡಗು ಹತ್ತಿ, ಇಳಿಯಲು ಸಾಲುನಿಂತವರ ಬೂಟಿನ ಅಡಿ, ಪ್ಯಾಂಟಿನ ಮಡಿಕೆ, ಬ್ಯಾಗಿನ ಜಿಪ್ಪು ನೋಡಿದರು. ನನ್ನ ಬೂಟಿನ ಅಡಿಯ ಒಂದೊಂದು ಗೀರಿನ ಮೇಲೂ ಅವರಲ್ಲೊಬ್ಬ ಹೆಂಗಸು ಬೆಳಕು ಹಾಯಿಸಿ, ತಲೆಯಾಡಿಸಿದಳು. ಪಾಸು!

ಆವತ್ತು ಮಧ್ಯಾಹ್ನ ಚರ್ಚಿನ ಹಿಂದಿನ ಇಳಿಜಾರಿನಲ್ಲಿ ಪಿಪಿಟ್ ಹಾಡಿತು. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಕಂದು ಗೀರಿನ ಸಾದಾ ಹಕ್ಕಿ. ಮೇಲಕ್ಕೆ ಹಾರಿ, ರೆಕ್ಕೆ ಪಟಪಟ ಬಡಿಯುತ್ತ ಹಾಡುತ್ತ ಇಳಿಯಿತು. ನಮ್ಮ ಗುಂಪಿನಲ್ಲಿ ಬಹಳ ಜನ ಅದನ್ನು ನೋಡದೆ ಮುಂದೆ ಹೋದರು, ಅವರಿಗೆ ಪೆಂಗ್ವಿನ್ ಬೇಕಿತ್ತು. ನನಗೆ ಇಡೀ ಪ್ರವಾಸದ ದುಡ್ಡು ಅಲ್ಲೇ ವಸೂಲಾಯಿತು.

ಇನ್ನು ಸೇಂಟ್ ಆಂಡ್ರೂಸ್ ಬೇ. ಸೌತ್ ಜಾರ್ಜಿಯಾದಲ್ಲಿ ಕಿಂಗ್ ಪೆಂಗ್ವಿನ್‌ಗಳ ಅತಿ ದೊಡ್ಡ ನೆಲೆ ಇದು, ಸುಮಾರು ಒಂದೂವರೆ ಲಕ್ಷ ಜೋಡಿ ಇವೆ ಎಂದು ಅಂದಾಜು. ಬಂದರು ಇಲ್ಲ, ಕಟ್ಟೆ ಇಲ್ಲ. ಸುಮಾರು ಮೂರು ಕಿಲೋಮೀಟರ್ ಉದ್ದದ ತೆರೆದ ಕಡಲದಂಡೆ, ಹಿಂದೆ ಹಿಮನದಿಗಳು. ಆ ಹಿಮನದಿಗಳ ಮೇಲಿಂದ ಭಾರವಾದ ತಣ್ಣನೆ ಗಾಳಿ ಯಾವ ಮುನ್ಸೂಚನೆಯೂ ಇಲ್ಲದೆ ಕೆಳಗೆ ನುಗ್ಗುತ್ತದೆ. ಬೆಳಿಗ್ಗೆ ನಾವು ತಲುಪಿದಾಗ ತಂಡದ ಮುಖ್ಯಸ್ಥ ಮೊದಲು ತಾನೇ ರಬ್ಬರ್ ದೋಣಿಯಲ್ಲಿ ಹೋಗಿ ದಡ ನೋಡಿಕೊಂಡು ಬಂದ. ಅಲೆ ಜಾಸ್ತಿ, ಈಗ ಬೇಡ ಅಂದ. ಕೆಲವರು ಮುಖ ಸಪ್ಪೆ ಮಾಡಿದರು. ನನಗೆ ಆತನ ಮೇಲೆ ಭರವಸೆ ಬಂದದ್ದೇ ಆಗ. ಬೇಡ ಅನ್ನಲು ಹಿಂಜರಿಯದವನ ಜೊತೆಗೇ ಇಂಥ ಕಡೆ ಇಳಿಯಬೇಕು. ಹಡಗು ಅಲ್ಲೇ ಸುತ್ತು ಹಾಕುತ್ತ ಕಾಯಿತು. ಊಟದ ಹೊತ್ತಿಗೆ ಅಲೆ ತಗ್ಗಿತು, ಕರೆ ಬಂತು.

ಮೊದಲು ದಡಕ್ಕೆ ಹೋಗಿದ್ದು ಪೀಪಾಯಿಗಳು. ಅದರಲ್ಲಿ ಡೇರೆ, ಮಲಗುವ ಚೀಲ, ಊಟ, ನೀರು. ಹವೆ ಕೆಟ್ಟು ಹಡಗಿಗೆ ವಾಪಸ್ ಹೋಗಲಾಗದಿದ್ದರೆ ಅಂತ. ಅದಾದ ಮೇಲೆ ನಮ್ಮ ಸರದಿ. ಒಂದು ಸಲಕ್ಕೆ ದಡದಲ್ಲಿ 100 ಪ್ರಯಾಣಿಕರಿಗಿಂತ ಜಾಸ್ತಿ ಇರುವಂತಿಲ್ಲ.

ದೋಣಿಗೆ ಇಳಿಯುವಾಗ ನಾವಿಕ ನಿಮ್ಮ ಅಂಗೈ ಹಿಡಿಯುವುದಿಲ್ಲ, ಮುಂಗೈ ಹಿಡಿಯುತ್ತಾನೆ. ನೀವೂ ಅವನ ಮುಂಗೈ ಹಿಡಿಯಬೇಕು. ಒದ್ದೆ ಕೈಗವಸು ಜಾರಿದರೂ ಹಿಡಿತ ಬಿಡುವುದಿಲ್ಲ. ಅದಕ್ಕೇ ಎರಡೂ ಕೈ ಖಾಲಿ ಇರಬೇಕು, ಕ್ಯಾಮೆರಾ ಜಲನಿರೋಧಕ ಚೀಲದೊಳಗೆ ಬೆನ್ನ ಮೇಲಿರಬೇಕು. ದೋಣಿ ಅಲೆಯ ಜೊತೆ ಏರಿ ನಿಲ್ಲುವ ಕ್ಷಣಕ್ಕೆ ಕಾದು, ಅವನು ‘ಈಗ’ ಅಂದಾಗ ಕಾಲಿಡಬೇಕು. ಒಳಗೆ ನಿಲ್ಲದೆ, ಅಂಚಿನ ಮೇಲೆ ಕೂತು ಜರುಗುತ್ತ ಹೋಗಬೇಕು. ಪ್ಯಾಂಟನ್ನು ಬೂಟಿನ ಒಳಗೆ ತುರುಕಬೇಡಿ, ಮೇಲೆ ಬಿಡಿ. ಇಲ್ಲದಿದ್ದರೆ ಮೊದಲ ಅಲೆಗೇ ಬೂಟು ತುಂಬುತ್ತದೆ. ದಡದಲ್ಲಿ ಎದೆಮಟ್ಟದ ರಬ್ಬರ್ ಉಡುಪಿನವರು ನೀರಿಗಿಳಿದು ದೋಣಿ ಹಿಡಿದಿದ್ದರು. ಎರಡು ಅಲೆಗಳ ನಡುವಿನ ಬಿಡುವಿನಲ್ಲಿ ಕಾಲು ಆಚೆ ಹಾಕಿ, ಇಳಿದು, ತಿರುಗಿ ನೋಡದೆ ಮೇಲಕ್ಕೆ ನಡೆಯಬೇಕು. ಕೆಳಗೇ ನಿಂತು ಫೋಟೋ ತೆಗೆಯಲು ಹೋದರೆ ಮುಂದಿನ ಅಲೆ ಬೀಳಿಸುತ್ತದೆ.

ಮೊದಲು ಮೂಗಿಗೆ ಬಡಿದದ್ದು ಹಿಕ್ಕೆಯ ವಾಸನೆ, ಆಮೇಲೆ ಸದ್ದು. ದೊಡ್ಡ ಪೆಂಗ್ವಿನ್‌ಗಳು ತುತ್ತೂರಿಯಂತೆ ಕೂಗುತ್ತವೆ, ಮರಿಗಳು ಸಿಳ್ಳೆ ಹಾಕುತ್ತವೆ. ಸಮುದ್ರದಿಂದ ಬಂದ ತಾಯಿ ಅಥವಾ ತಂದೆ ಅಷ್ಟು ಸಾವಿರದ ನಡುವೆ ತನ್ನ ಮರಿಯನ್ನು ಕೂಗಿನಿಂದಲೇ ಗುರುತಿಸುತ್ತದೆ. ಮರಿ ಬೆಳೆಸಿ ಮುಗಿಸಲು ಇವಕ್ಕೆ ಒಂದು ವರ್ಷಕ್ಕೂ ಮೀರಿ ಬೇಕು. ಅದಕ್ಕೇ ಯಾವ ತಿಂಗಳು ಹೋದರೂ ಮರಿ ಕಾಣುತ್ತದೆ. ನನ್ನಿಂದ ಕೆಲವೇ ಮೀಟರ್ ದೂರದಲ್ಲಿ ಒಂದು ಪೆಂಗ್ವಿನ್ ಹೊಟ್ಟೆಯ ಮಡಿಕೆ ಎತ್ತಿ ಬಗ್ಗಿ ನೋಡಿತು. ಪಾದಗಳ ಮೇಲೆ ಮೊಟ್ಟೆ ಇತ್ತು, ಒಂದು ತುದಿ ಚೂಪು, ಮೈಯೆಲ್ಲ ಕೆಸರಿನ ಕಲೆ. ಕೊಕ್ಕಿನಿಂದ ಅದನ್ನು ಸ್ವಲ್ಪ ಹೊರಳಿಸಿ, ಮಡಿಕೆ ಇಳಿಸಿಕೊಂಡಿತು. ಗೂಡು ಅಂತ ಬೇರೆ ಏನೂ ಇಲ್ಲ.

ಪೆಂಗ್ವಿನ್‌ಗಳಿಂದ ಐದು ಮೀಟರ್ ದೂರ ಇರಬೇಕು. ಅವು ತಾವೇ ಹತ್ತಿರ ಬಂದರೆ ನಾವು ಹಿಂದೆ ಸರಿಯಬೇಕು. ಈಗ ಇನ್ನೊಂದು ನಿಯಮವೂ ಇದೆ: ಕೂರುವಂತಿಲ್ಲ, ಮೊಣಕಾಲು ಊರುವಂತಿಲ್ಲ, ಬ್ಯಾಗು ನೆಲಕ್ಕಿಡುವಂತಿಲ್ಲ. 2023ರ ಅಕ್ಟೋಬರಿನಲ್ಲಿ ಹಕ್ಕಿಜ್ವರ ಈ ದ್ವೀಪಕ್ಕೂ ಬಂತು. ಎಲಿಫೆಂಟ್ ಸೀಲ್‌ಗಳಿಗೆ ಬಿದ್ದ ಪೆಟ್ಟು ದೊಡ್ಡದು. ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ವಿಜ್ಞಾನಿಗಳು ದ್ವೀಪದ ಮೂರು ದೊಡ್ಡ ನೆಲೆಗಳನ್ನು ಮೇಲಿನಿಂದ ಚಿತ್ರ ತೆಗೆದು ಎಣಿಸಿದಾಗ, ಮರಿ ಹಾಕಲು ಬಂದ ಹೆಣ್ಣುಗಳು 2022ಕ್ಕೂ 2024ಕ್ಕೂ ನಡುವೆ ಶೇ. 47ರಷ್ಟು ಕಡಿಮೆಯಾಗಿದ್ದವು. ಸೇಂಟ್ ಆಂಡ್ರೂಸ್ ಆ ಮೂರರಲ್ಲಿ ಒಂದು. ಹಾಲು ಬಿಟ್ಟ ಮರಿಗಳು ಮರಳಿನ ಮೇಲೆ ಉರುಳಾಡುತ್ತಿದ್ದುದನ್ನು ನೋಡುವಾಗ ಸಂತೋಷದ ಜೊತೆ ಹೊಟ್ಟೆಯಲ್ಲಿ ಸಂಕಟವೂ ಇತ್ತು. ನಮ್ಮಂಥವರು ಅಲ್ಲಿಗೆ ಹೋಗಲೇಬೇಕಾ ಅಂತ ತಂಗಿ ಕೇಳಿದಳು. ನನಗೆ ಅನ್ನಿಸುವುದು ಇಷ್ಟು: ಹೋಗುವುದಾದರೆ ಈ ನಿಯಮಗಳನ್ನು ಅಕ್ಷರಶಃ ಪಾಲಿಸುವವರು ಮಾತ್ರ ಹೋಗಬೇಕು. ಫೋಟೋಗಾಗಿ ಒಂದು ನಿಮಿಷ ಮೊಣಕಾಲು ಊರುತ್ತೇನೆ ಅನ್ನುವವರು ದಯವಿಟ್ಟು ಬೇಡ.

ವಾಪಸ್ ಹಡಗಿಗೆ ಬಂದ ಮೇಲೆ ಮತ್ತೆ ಅದೇ ಕೆಲಸ. ಬೂಟಿನ ಗೀರುಗಳಲ್ಲಿ ಹಿಕ್ಕೆ, ಕೆಸರು, ಗರಿಯ ಚೂರು ಕಲ್ಲಿನಂತೆ ಕೂತಿರುತ್ತದೆ. ಒಣಗುವ ಮುಂಚೆ ಬ್ರಶ್ ಹಾಕಿದರೆ ಬೇಗ ಬಿಡುತ್ತದೆ. ಉಳಿದದ್ದನ್ನು ಪಿನ್ನಿನಿಂದ ಕೆರೆದು, ಆಮೇಲೆ ವಿರ್ಕಾನ್ ಅನ್ನುವ ರೋಗಾಣು ಕೊಲ್ಲುವ ದ್ರಾವಣದ ತಟ್ಟೆಯಲ್ಲಿ ನಿಲ್ಲಬೇಕು. ಒಂದು ಕೊಲ್ಲಿಯ ರೋಗ ಇನ್ನೊಂದು ಕೊಲ್ಲಿಗೆ ನಮ್ಮ ಕಾಲಲ್ಲಿ ಹೋಗಬಾರದು.

ಹೋಗಬೇಕು ಅಂತಿರುವವರಿಗೆ ಒಂದು ಮಾತು. ಹಡಗು ಆರಿಸುವಾಗ ಕ್ಯಾಬಿನ್ನಿನ ಅಂದಕ್ಕಿಂತ ಪ್ರಯಾಣಿಕರ ಸಂಖ್ಯೆ ಕೇಳಿ. 100ರ ಆಸುಪಾಸಿನ ಹಡಗಾದರೆ ಎಲ್ಲರೂ ಒಟ್ಟಿಗೆ ಇಳಿಯಬಹುದು, 200 ಇದ್ದರೆ ಸರದಿ ಕಾಯಬೇಕು, ದಡದ ಹೊತ್ತು ಅರ್ಧವಾಗುತ್ತದೆ. 500 ಮೀರಿದ ಹಡಗಿನವರಿಗೆ ಇಳಿಯಲು ಅವಕಾಶವೇ ಇಲ್ಲ. ಸೌತ್ ಜಾರ್ಜಿಯಾದಲ್ಲಿ ಎಷ್ಟು ದಿನ ಇರುತ್ತೀರಿ ಅಂತಲೂ ಕೇಳಿ. ಗಾಳಿಗೆ ಒಂದೆರಡು ಇಳಿತ ಕೈತಪ್ಪುವುದು ಮಾಮೂಲಿ, ಹಾಗಾಗಿ ನಾಲ್ಕು ದಿನಕ್ಕಿಂತ ಕಡಿಮೆ ಇರುವ ಪ್ರವಾಸವನ್ನು ನಾನಂತೂ ಆರಿಸಿಕೊಳ್ಳುವುದಿಲ್ಲ.