ಪಂಚಾಂಗ ನೋಡಿ ಬಡಿಸುವ ಊಟ: ಅಘನಾಶಿನಿ ದಡದಲ್ಲಿ ನನ್ನ ಅನುಭವ

ಕುಮಟಾ ತಾಲೂಕಿನಲ್ಲಿ, ಮಿರ್ಜಾನಿಗೂ ತದಡಿಗೂ ನಡುವೆ ಅಘನಾಶಿನಿ ನದಿ ಅಗಲವಾಗಿ ಹರಡಿಕೊಳ್ಳುವ ಕಡೆ ನಮ್ಮ ಮನೆಯಿದೆ. ಅದರ ಹಿತ್ತಿಲಿನ ತೆಂಗಿನ ಮರಗಳ ಕೆಳಗೆ ಒಂದು ಹೊತ್ತಿಗೆ 24 ಜನ ಕುಳಿತು ಉಣ್ಣುವಷ್ಟು ಜಾಗ ಮಾಡಿಕೊಂಡು ನಾನು, ನನ್ನ ಯಜಮಾನರು ಮತ್ತು ಅತ್ತೆಯವರು ಏಳು ವರ್ಷಗಳಿಂದ ಮಧ್ಯಾಹ್ನದ ಊಟ ಬಡಿಸುತ್ತಿದ್ದೇವೆ. ನೀರಿನ ದಡದಲ್ಲಿ ಊಟದ ಮನೆ ತೆರೆಯಬೇಕೆಂದು ವಿಚಾರಿಸಲು ಬರುವವರು ಕುರ್ಚಿ, ಚಪ್ಪರ, ಪರವಾನಗಿಗಳ ಬಗ್ಗೆ ಕೇಳುತ್ತಾರೆ. ನಾನು ಅವರಿಗೆ ಮೊದಲು ತೋರಿಸುವುದು ಅಡುಗೆಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗವನ್ನು. ಅದಕ್ಕೆ ತಕ್ಕಂತೆ ಅಡುಗೆ ಮಾಡಲು ಕಲಿಯುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ಮೊದಲ ವರ್ಷ ಮೇಜುಗಳನ್ನು ನೀರಿಗೆ ತೀರ ಹತ್ತಿರ ಹಾಕಿದ್ದೆವು. ಮಾರ್ಚ್ ತಿಂಗಳ ಒಂದು ಅಮಾವಾಸ್ಯೆಯಂದು, ಸರಿಯಾಗಿ ಸಾರು ಬಡಿಸುವ ಹೊತ್ತಿಗೆ, ಭರತಿಯ, ಅಂದರೆ ಉಬ್ಬರದ, ನೀರು ಸದ್ದಿಲ್ಲದೆ ಏರಿ ಊಟಕ್ಕೆ ಕುಳಿತವರ ಪಾದ ಮುಟ್ಟಿತು; ವಯಸ್ಸಾದ ಅಜ್ಜಿಯೊಬ್ಬರನ್ನು ನಾವಿಬ್ಬರು ಕೈಹಿಡಿದು ಮೇಲಕ್ಕೆ ಕರೆತರಬೇಕಾಯಿತು. ಅಂದಿನಿಂದ ಒಂದು ವರ್ಷ ಪೂರ್ತಿ, ಪ್ರತಿ ಹುಣ್ಣಿಮೆ ಮತ್ತು ಅಮಾವಾಸ್ಯೆಯ ಭರತಿ ಎಲ್ಲಿಯವರೆಗೆ ಏರಿತೋ ಅಲ್ಲಿಗೆ ದಡದ ತೆಂಗಿನ ಬುಡದ ಮೇಲೆ ಸುಣ್ಣದ ಗೆರೆ ಎಳೆಯುತ್ತ ಬಂದೆವು. ಎಲ್ಲಕ್ಕಿಂತ ಮೇಲಿನ ಗೆರೆಗಿಂತಲೂ ಎತ್ತರದ ನೆಲದಲ್ಲಿ ಈಗ ಸಾಲು ಹಾಕುತ್ತೇವೆ. ದಡದಲ್ಲಿ ಕಟ್ಟಡವನ್ನಂತೂ ಕಟ್ಟಲಿಲ್ಲ. ನೀರಿನಂಚಿನ ಕಟ್ಟಡಗಳಿಗೆ ಕಡಿವಾಣ ಹಾಕುವ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಸಮುದ್ರತೀರಕ್ಕೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಕಡುಬೇಸಿಗೆಯಲ್ಲಿ ನೀರಿನ ಉಪ್ಪಿನಂಶ ಸಾವಿರಕ್ಕೆ 5 ಭಾಗದಷ್ಟಿರುವ ಜಾಗದವರೆಗೆ ಅವು ನದಿಯ ದಡಕ್ಕೂ ಅನ್ವಯಿಸುತ್ತವೆ. ಅಲ್ಲದೆ ನಮ್ಮ ಅಳಿವೆ 2024ರಲ್ಲಿ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿದೆ. ಹಳೆಯ ಮನೆಯ ಅಡುಗೆಕೋಣೆ ಮತ್ತು ಪ್ರತಿ ವರ್ಷ ಹೊಸದಾಗಿ ಹೆಣೆದ ಮಡಲಿನ ಚಪ್ಪರ, ಇಷ್ಟರಲ್ಲೇ ಕೆಲಸ ಸಾಗಿದೆ.

ನಮ್ಮ ಊಟದ ಮುಖ್ಯ ಪದಾರ್ಥ ಬಳಚು, ಅಂದರೆ ನದಿಯ ಚಿಪ್ಪಿಕಲ್ಲು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನಮ್ಮ ಕಡೆ ನಸುಕಿನಲ್ಲಿ ನೀರು ಬಹಳ ದೂರ ಇಳಿಯುತ್ತದೆ. ಊರಿನ ಹೆಂಗಸರು ಆ ಹೊತ್ತಿಗೆ ಕೆಸರುದಿಬ್ಬಗಳಿಗೆ ಹೋಗಿ, ಕಾಲಿನಿಂದ ತಡವಿ ಕೈಯಿಂದ ಆಯ್ದು, ಏಳು ಗಂಟೆಯ ಸುಮಾರಿಗೆ ಬುಟ್ಟಿ ತಂದಿಳಿಸುತ್ತಾರೆ. ಅದೇ ದಿನ ಮಧ್ಯಾಹ್ನ ಭರತಿ ತುಂಬಿ ನದಿ ಊಟದ ಸಾಲಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಅಷ್ಟಮಿಯ ಸುತ್ತಿನ ದಿನಗಳಲ್ಲಿ ಇದು ತಿರುಗುಮುರುಗಾಗುತ್ತದೆ. ಇಳಿತ ಊಟದ ಹೊತ್ತಿಗೆ ಬೀಳುವುದರಿಂದ ಬಂದವರಿಗೆ ಕೆಸರು ಕಾಣುತ್ತದೆ, ಅದರ ವಾಸನೆಯೂ ಇರುತ್ತದೆ. ನೀರು ಹೆಚ್ಚು ಇಳಿಯದ ಕಾರಣ ಬಳಚು ಸಿಗುವುದೂ ಕಡಿಮೆ. ಆದ್ದರಿಂದ ಫೋನು ಮಾಡಿದವರಿಗೆ ಮೊದಲು ತಿಥಿ ಹೇಳಿ, ಆಮೇಲೆ ಜಾಗ ಕಾದಿರಿಸುತ್ತೇನೆ. ಭಾನುವಾರವೇ ಬೇಕೆಂದು ಹಟ ಹಿಡಿದ ಕೆಲವರು ಬೇರೆ ಕಡೆ ಹೋಗಿದ್ದಾರೆ.

ಬಳಚು ಬಂದ ಕೂಡಲೇ ಬೇಯಿಸುವಂತಿಲ್ಲ, ಅದರ ಹೊಟ್ಟೆಯ ಮರಳು ಹೊರಬೀಳಬೇಕು. ಅಗಲವಾದ ತೊಟ್ಟಿಯ ತಳದಲ್ಲಿ ಬಿದಿರಿನ ತಟ್ಟಿಯಿಟ್ಟು, ಅದರ ಮೇಲೆ ಬಳಚು ಹರಡಿ, ಬಟ್ಟೆಯಲ್ಲಿ ಸೋಸಿದ ನದಿಯ ನೀರನ್ನೇ ನಾಲ್ಕು ಬೆರಳು ಮೇಲೆ ನಿಲ್ಲುವಷ್ಟು ತುಂಬಿ, ಗೋಣಿ ಮುಚ್ಚುತ್ತೇನೆ. ಬಾವಿಯ ಸಿಹಿನೀರಿನಲ್ಲಿ ಹಾಕಿದರೆ ಅವು ಬಿಗಿಯಾಗಿ ಮುಚ್ಚಿಕೊಂಡು ಒಳಗೇ ಸಾಯುತ್ತವೆ. ಅರ್ಧ ಗಂಟೆಯ ನಂತರ ಗೋಣಿಯ ಅಂಚನ್ನು ಮೆಲ್ಲಗೆ ಎತ್ತಿ ನೋಡಿದರೆ, ಪ್ರತಿ ಚಿಪ್ಪಿನ ಸಂದಿನಿಂದ ಎರಡು ಎಳೆಯ ಕೊಳವೆಗಳು ಹೊರಗೆ ಚಾಚಿರುತ್ತವೆ; ಬೆಳಕು ಬಿದ್ದೊಡನೆ ಪುಳಕ್ಕನೆ ನೀರು ಚಿಮ್ಮಿಸಿ ಒಳಸೇರುತ್ತವೆ. ಮರಳು ತಟ್ಟಿಯ ಕೆಳಗೆ ಇಳಿಯುವುದರಿಂದ ಅವು ಅದನ್ನು ಮತ್ತೆ ಹೀರಿಕೊಳ್ಳುವುದಿಲ್ಲ. ಎರಡು ಸಲ ನೀರು ಬದಲಿಸಿ ನಾಲ್ಕೈದು ತಾಸು ಬಿಟ್ಟರೆ ಸಾಕು. ಬಾಯಿ ತೆರೆದುಕೊಂಡಿದ್ದು ತಟ್ಟಿದರೂ ಮುಚ್ಚದ ಚಿಪ್ಪನ್ನು ಬೇಯಿಸುವ ಮೊದಲೇ ಎಸೆಯಬೇಕು, ಬೆಂದ ಮೇಲೂ ತೆರೆಯದ್ದನ್ನು ಬಡಿಸಬಾರದು. ಚಿಪ್ಪುಮೀನು ಮೈಗೆ ಆಗದವರು ಯಾರಾದರೂ ಇದ್ದಾರೆಯೇ ಎಂದು ಬಡಿಸುವ ಮೊದಲು ಕೇಳುವುದನ್ನು ನಾನು ಒಂದು ದಿನವೂ ತಪ್ಪಿಸಿಲ್ಲ.

ಈ ತಾಸುಗಳ ಬೆಲೆ ನನಗೆ ತಿಳಿದದ್ದು ಎರಡನೆಯ ವರ್ಷ. ಪ್ರವಾಸ ಏರ್ಪಡಿಸುವವರೊಬ್ಬರು ಅಷ್ಟಮಿಯ ದಿನವೇ 40 ಜನರನ್ನು ಕರೆತರುವುದಾಗಿಯೂ ಬಳಚಿನ ಸುಕ್ಕ (ಒಣ ಪಲ್ಯ) ಬೇಕೇ ಬೇಕೆಂದೂ ಒತ್ತಾಯಿಸಿದರು. ನಮಗೆ ಬಳಚು ಕೊಡುವ ಹಿರಿಯ ಹೆಂಗಸು ಬೆಳಗ್ಗೆ ಬಂದು, "ತಂಗೀ, ಇವತ್ತು ನೀರು ಸರಿಯಾಗಿ ಇಳಿಯಲೇ ಇಲ್ಲ, ಅರ್ಧ ಬುಟ್ಟಿಯೂ ಆಗಲಿಲ್ಲ" ಎಂದರು. ನಾನು ಒಪ್ಪಿಕೊಂಡ ಮಾತಿಗೆ ಕಟ್ಟುಬಿದ್ದು ಬೇರೆ ಕಡೆಯಿಂದ ಹನ್ನೊಂದು ಗಂಟೆಗೆ ತರಿಸಿ, ಒಂದೇ ತಾಸು ನೀರಿನಲ್ಲಿಟ್ಟು ಬೇಯಿಸಿದೆ. ಮೊದಲ ತುತ್ತಿಗೇ ಹಲ್ಲಿನಡಿ ಮರಳು ಕಚಕ್ಕೆಂದ ಸದ್ದು ಪಕ್ಕದಲ್ಲಿ ನಿಂತಿದ್ದ ನನಗೂ ಕೇಳಿಸಿತು. ಕರೆತಂದವರು ಅರ್ಧ ಹಣ ಮಾತ್ರ ಕೊಟ್ಟು ಹೋದರು. ಹಣಕ್ಕಿಂತ ಹೆಚ್ಚಾಗಿ, ನಮ್ಮ ನದಿಯ ರುಚಿಯೇ ಇದು ಎಂದುಕೊಂಡು ಅಷ್ಟು ಜನ ಊರಿಗೆ ಮರಳಿದರಲ್ಲ ಎಂಬ ನೋವು ನನಗೆ ಇಂದಿಗೂ ಉಳಿದಿದೆ.

ಬೇಯಿಸುವುದು ಸುಲಭ. ನೀರು ಹಾಕದೆ, ಮುಚ್ಚಳ ಮುಚ್ಚಿ ಐದು ನಿಮಿಷ ಉರಿಯ ಮೇಲಿಟ್ಟರೆ ಚಿಪ್ಪುಗಳು ತೆರೆದುಕೊಂಡು ತಮ್ಮ ರಸವನ್ನು ಬಿಡುತ್ತವೆ. ಆ ರಸವನ್ನು ತಿಳಿಯಾಗಲು ಬಿಟ್ಟು, ಮೇಲಿನದ್ದನ್ನಷ್ಟೇ ಬಗ್ಗಿಸಿ ಮುರುಗಲ ಸಿಪ್ಪೆಯೊಂದಿಗೆ ಸಾರು ಮಾಡುತ್ತೇನೆ. ಸುಕ್ಕಕ್ಕೆ ಬ್ಯಾಡಗಿ ಮೆಣಸು, ಕೊತ್ತಂಬರಿ, ತೆಂಗಿನತುರಿ, ಬೇಸಿಗೆಯಾದರೆ ಕುಮಟಾದ ಸಿಹಿ ಈರುಳ್ಳಿ. ಉಪ್ಪು ಸಾಣಿಕಟ್ಟಾದ್ದು, ಬಳಚಿನ ರಸದಲ್ಲೇ ಉಪ್ಪಿರುವುದರಿಂದ ರುಚಿ ನೋಡದೆ ಹಾಕಬಾರದು. ಜೊತೆಗೆ ಕಗ್ಗ ಅಕ್ಕಿಯ ಅನ್ನ. ಉಪ್ಪುನೀರು ನುಗ್ಗಿದರೂ ಮುಳುಗಿದರೂ ತಾಳಿಕೊಳ್ಳುವ ಈ ಭತ್ತವನ್ನು ಮಾಣಿಕಟ್ಟಾದ ಕಡೆ ಗಜನಿ, ಅಂದರೆ ಅಳಿವೆಯಂಚಿನ ತಗ್ಗು, ಗದ್ದೆಗಳಲ್ಲಿ ಗೊಬ್ಬರವಿಲ್ಲದೆ ಬೆಳೆಯುತ್ತಾರೆ. ತೆನೆಯನ್ನಷ್ಟೇ ಕೊಯ್ದು ದಂಟು ಬಿಟ್ಟು ಭರತಿಯ ನೀರು ಒಳಬಿಟ್ಟರೆ, ಅಲ್ಲಿಯೇ ಸಿಗಡಿ, ಮೀನು ಬೆಳೆಯುತ್ತವೆ. ಬೆಳೆಯುವವರು ಕಡಿಮೆಯಾಗುತ್ತಿರುವುದರಿಂದ ಸುಗ್ಗಿಗೆ ಮೊದಲೇ ಒಂದೆರಡು ಮನೆಗಳಿಗೆ ಮುಂಗಡ ಕೊಟ್ಟಿಡುತ್ತೇನೆ.

ಇನ್ನು ಗಾಳಿ. ಮಧ್ಯಾಹ್ನದ ಪಡುಗಾಳಿ ಬಾಳೆ ಎಲೆಯನ್ನು ಅನ್ನಸಮೇತ ಮಗುಚಿದ್ದುಂಟು. ಪಶ್ಚಿಮಕ್ಕೆ ಎದೆಮಟ್ಟದ ಮಡಲಿನ ತಟ್ಟಿ ಕಟ್ಟಿದ ಮೇಲೆ ಅದು ನಿಂತಿತು.

ಪಾತ್ರೆ ತೊಳೆದ ಜಿಡ್ಡುನೀರಿನ ವಿಷಯದಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಬಳಚು ನದಿಯ ನೀರನ್ನು ಸೋಸಿಯೇ ಬದುಕುವ ಜೀವಿಯಾದ್ದರಿಂದ ನಾವು ಬಿಟ್ಟ ಕೊಳೆ ಅದರ ಮೈ ಸೇರುತ್ತದೆ. ದಡದಿಂದ ದೂರ, ಮನೆಯ ಮುಂಭಾಗದಲ್ಲಿ ಜಲ್ಲಿ ತುಂಬಿದ ಎರಡು ಗುಂಡಿಗಳನ್ನು ತೋಡಿಸಿ, ಅವುಗಳ ಸುತ್ತ ಬಾಳೆ ಹಾಕಿದ್ದೇವೆ. ಖಾಲಿ ಚಿಪ್ಪುಗಳು ಸುಣ್ಣಕ್ಕೆ ಹೋಗುತ್ತವೆ.

ಮಳೆ ಹಿಡಿದ ಮೇಲೆ ನದಿ ಕೆಂಪಾಗಿ, ಸಿಹಿಯಾಗಿ ಹರಿಯುತ್ತದೆ, ಬಳಚು ಸಿಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೂ ಸಮುದ್ರಕ್ಕಿಳಿಯುವುದಿಲ್ಲ. ಆಗ ನಾವು ಬಾಗಿಲು ಹಾಕಿ, ಒಣ ಸಿಗಡಿಯ ಚಟ್ನಿಯಲ್ಲಿ ಗಂಜಿ ಉಣ್ಣುತ್ತೇವೆ. ದೀಪಾವಳಿ ಕಳೆದು ನೀರು ಮತ್ತೆ ಉಪ್ಪಾದಾಗ ಅತ್ತೆಯವರು ಇಳಿತದ ಹೊತ್ತಿನಲ್ಲಿ ಕೆಸರಿಗಿಳಿದು ಒಂದು ಬೊಗಸೆ ಬಳಚು ಆಯ್ದು ತರುತ್ತಾರೆ. ಅವು ಬಲಿತಿಲ್ಲವೆಂದು ಅವರು ಹೇಳಿದರೆ ಇನ್ನೊಂದು ಪಕ್ಷ ಕಾಯುತ್ತೇವೆ. ಬಲಿತಿವೆ ಎಂದರೆ ನಾನು ಪಂಚಾಂಗ ಕೆಳಗಿಳಿಸಿ ಊಟದ ದಿನಗಳಿಗೆ ಗುರುತು ಹಾಕಲು ಕೂರುತ್ತೇನೆ.